ಸ್ಮಶಾನದ ಹುಲ್ಲು, ಕೆರೆಯ ನೀರು

ಕೆರೆಯ ನೀರಿನಲ್ಲಿ ಕಳೆನಾಶಕ ಮಿತಿ ಮೀರಿದೆ ಎಂದು ಪ್ರಯೋಗಾಲಯದವರು ಫೋನು ಮಾಡಿದಾಗ ಅಟ್ರಾಕ್ಟಾ ಗೆರಾಟಿ ಬ್ರೆಡ್ಡಿಗೆ ಹಿಟ್ಟು ಕಲಸುತ್ತಿದ್ದಳು. ಫೋನಿಟ್ಟ ಮೇಲೆ ಆ ಹಿಟ್ಟಿಗೆ ಬಿದ್ದ ಗುದ್ದುಗಳಿಗೆ ಲೆಕ್ಕವಿಲ್ಲ. ಅವತ್ತಿನ ಬ್ರೆಡ್ಡು ಕಲ್ಲಾಯಿತು. ಗಂಡ ಏನೂ ಕೇಳದೆ ತಿಂದ.

ರಾಸ್‌ಕಾಮನ್ ಸೀಮೆಯ ಆ ಊರಿಗೆ ಸರ್ಕಾರದ ನಲ್ಲಿ ಬಂದಿರಲಿಲ್ಲ. ಊರವರೇ ಸಂಘ ಕಟ್ಟಿಕೊಂಡು ಕೆರೆಯಿಂದ ಮನೆಮನೆಗೆ ಕೊಳವೆ ಎಳೆದಿದ್ದರು. ಸಂಘದ ಅಧ್ಯಕ್ಷಗಿರಿ ಯಾರಿಗೂ ಬೇಡವಾಗಿ ಅಟ್ರಾಕ್ಟಾಳ ಕೊರಳಿಗೆ ಬಿದ್ದಿತ್ತು. ವಸಂತದಲ್ಲಿ ಅವಳು ಸಭೆ ಕರೆದು, ಕೆರೆಗೆ ಹರಿಯುವ ಹಳ್ಳದ ಆಸುಪಾಸಿನಲ್ಲಿ ಯಾರೂ ಜೊಂಡಿಗೆ ಔಷಧಿ ಹೊಡೆಯಬಾರದು ಎಂದು ಬಿಡಿಸಿ ಹೇಳಿದ್ದಳು. ಎಲ್ಲರೂ ತಲೆಯಾಡಿಸಿ, ಚಹಾ ಕುಡಿದು, ಬಿಸ್ಕತ್ತು ಖಾಲಿ ಮಾಡಿ ಎದ್ದು ಹೋಗಿದ್ದರು.

ತಲೆಯಾಡಿಸದೆ ಕೂತಿದ್ದವನು ಮ್ಯಾಲಕಿ ಟೀರ್ನನ್ ಒಬ್ಬನೇ. ಹಳ್ಳದ ದಂಡೆಯಲ್ಲಿರುವ ಅವನ ಜೌಗು ಹೊಲದಲ್ಲಿ ಹುಲ್ಲಿಗಿಂತ ಜೊಂಡೇ ಹೆಚ್ಚು. ಅಟ್ರಾಕ್ಟಾ ನೇರ ಅವನ ಅಂಗಳಕ್ಕೇ ಕಾರು ನುಗ್ಗಿಸಿದಳು.

"ಹೊಡೆದೇಬಿಟ್ಯಲ್ಲ ಮ್ಯಾಲಕಿ? ಊರೆಲ್ಲ ಕುಡಿಯೋ ನೀರು ಕಣೋ ಅದು."

"ಏನನ್ನ ಹೊಡ್ದೆ?" ಹಸುವಿನ ಬೆನ್ನ ಮೇಲಿಂದ ಕೈ ತೆಗೆಯದೆ ಕೇಳಿದ ಅವನು.

"ಔಷಧಿ. ನಾಟಕ ಆಡ್ಬೇಡ."

"ಆ ಕಡೆ ನೋಡು. ಎದೆಮಟ್ಟ ನಿಂತಿದೆ ಜೊಂಡು. ಔಷಧಿ ಹೊಡ್ದಿದ್ರೆ ಹೀಗಿರ್ತಿತ್ತಾ? ನೀನು ಬೇಡ ಅಂದೆ ಅಂತ ಬಿಟ್ಟೆ. ಈಗ ಕರು ಒಳಗೆ ಹೊಕ್ರೆ ಕೂಗಿ ಕೂಗಿ ಹುಡುಕ್ಬೇಕು."

ಬೇಲಿಯಾಚೆ ಜೊಂಡು ಹಚ್ಚಗೆ, ಸೊಂಪಾಗಿ ತೂಗುತ್ತಿತ್ತು. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ ಅವಳಿಗೆ. "ಹಾಗಾದ್ರೆ ಅವತ್ತು ತಲೆ ಯಾಕೆ ಆಡಿಸ್ಲಿಲ್ಲ?" ಎಂದಳು.

"ಕತ್ತು ಹಿಡ್ಕೊಂಡಿತ್ತು."

ಮ್ಯಾಲಕಿಯ ಹೊಲದಿಂದ ಮೇಲಕ್ಕೆ ಹಳ್ಳದ ಪಕ್ಕ ಇದ್ದದ್ದು ಚರ್ಚಿನ ಸ್ಮಶಾನ ಮಾತ್ರ. ಅಟ್ರಾಕ್ಟಾ ಹಳ್ಳದ ಗುಂಟ ನಡೆದು ಅಲ್ಲಿಗೆ ಹೋದಳು. ಕಾಲುದಾರಿಯ ಎರಡೂ ಅಂಚಿನಲ್ಲಿ, ಗೋಡೆಯ ಬುಡದಲ್ಲಿ ಹುಲ್ಲು ಸುಟ್ಟಂತೆ ಹಳದಿಯಾಗಿತ್ತು. ನಾದಿನಿ ಕಾನ್ಸೆಪ್ಟಾ ಮಂಡಿಯೂರಿ ಕೂತು ತಾಯಿಯ ಸಮಾಧಿಯ ಕಲ್ಲು ಉಜ್ಜುತ್ತಿದ್ದಳು. ಸ್ಮಶಾನದ ಉಸ್ತುವಾರಿ ಅವಳದೇ.

"ಈ ಹುಲ್ಲಿಗೆ ಏನಾಗಿದೆ ಕಾನ್ಸೆಪ್ಟಾ?"

"ಸತ್ತಿದೆ ಅತ್ತಿಗೆ. ಸಾಯ್ಲಿ ಅಂತಾನೇ ಹೊಡ್ಸಿದ್ದು. ಬರೋ ತಿಂಗಳು ಪಾದ್ರಿಗಳು ಸಮಾಧಿಗಳನ್ನ ಆಶೀರ್ವದಿಸೋಕೆ ಬರ್ತಾರೆ, ಇಂಗ್ಲೆಂಡಿಂದೆಲ್ಲ ನೆಂಟರು ಬರ್ತಾರೆ. ಅಮ್ಮನ ತಲೆ ಹತ್ರ ಮುಳ್ಳುಗಿಡ ನೋಡ್ಬೇಕಾ ಅವರು?"

"ಸಭೇಲಿ ನನ್ನ ಪಕ್ಕದಲ್ಲೇ ಕೂತಿದ್ದೆಯಲ್ಲೇ. ತಲೆ ಬೇರೆ ಆಡಿಸ್ದೆ."

"ನೀನು ಹೇಳಿದ್ದು ಹೊಲದ ಜೊಂಡಿನ ವಿಷ್ಯ. ಇದು ಪವಿತ್ರವಾದ ಜಾಗ."

"ಅದು ಮಳೆಗೆ ಗೊತ್ತಾಗುತ್ತಾ? ಇಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ, ಕೆರೆಯಿಂದ ನಿನ್ನ ಚಹಾದ ಕೆಟಲ್‌ಗೆ."

ಕಾನ್ಸೆಪ್ಟಾ ಮತ್ತೆ ಕಲ್ಲು ಉಜ್ಜತೊಡಗಿದಳು. "ನಾವು ಬಾಟಲಿ ನೀರು ಕುಡಿಯೋದು."

ಅಟ್ರಾಕ್ಟಾ ಪಕ್ಕದ ಸಮಾಧಿಯ ಕಟ್ಟೆಯ ಮೇಲೆ ಕುಸಿದು ಕೂತಳು. ಕೊನೆಗೆ, "ಮಿಕ್ಕಿರೋ ಔಷಧಿ ನನ್ನ ಕೈಗೆ ಕೊಡು. ಇನ್ಮೇಲೆ ಕಳೆ ಕೈಯಲ್ಲೇ ಕೀಳೋದು" ಎಂದಳು.

"ಯಾರು ಕೀಳೋರು?"

"ನಾನೇ. ಇನ್ಯಾರಿದ್ದಾರೆ?"

ಶನಿವಾರ ಎಲ್ಲರೂ ಕಳೆ ಕೀಳಲು ಬರಬೇಕೆಂದು ಅವಳು ಚರ್ಚಿನಲ್ಲಿ ಹೇಳಿಸಿದಳು. ಬಂದವರು ಇಬ್ಬರು. ಕಾನ್ಸೆಪ್ಟಾ ಹೊಸ ಕೈಗವಸು ತೊಟ್ಟುಕೊಂಡು ಬಂದು, ಎಲ್ಲೆಲ್ಲಿ ಕಳೆಯಿದೆ ಎಂದು ಬೆರಳು ತೋರಿಸುತ್ತ ನಿಂತಳು. ಇನ್ನೊಬ್ಬ ಮ್ಯಾಲಕಿ. ಸೊಂಟ, ಹವಾಮಾನ, ಸತ್ತವರ ಸಂಖ್ಯೆ, ಎಲ್ಲವನ್ನೂ ಬೈದುಕೊಳ್ಳುತ್ತಲೇ ಅವನು ಇಡೀ ಗೋಡೆಯ ಬುಡ ಹಸನು ಮಾಡಿದ.

"ಅವತ್ತು ನಿನ್ನ ಮೇಲೆ ಸುಮ್ಮನೆ ಹರಿಹಾಯ್ದೆ. ತಪ್ಪಾಯ್ತು" ಎಂದಳು ಅಟ್ರಾಕ್ಟಾ, ಬೇರು ಜಗ್ಗುತ್ತ.

"ಇವತ್ತಾದ್ರೂ ಹೇಳ್ತೀಯೇನೋ ಅಂತಾನೇ ಬಂದೆ."

ಮುಂದಿನ ಪರೀಕ್ಷೆಯಲ್ಲಿ ನೀರು ಚೊಕ್ಕಟವಾಗಿತ್ತು. ಅವಳು ಅದನ್ನು ಊರಿಗೆಲ್ಲ ತಿಳಿಸಿದಳು. ಯಾರೂ ಒಂದು ಮಾತಾಡಲಿಲ್ಲ. ಎರಡು ದಿನ ಬಿಟ್ಟು ಚರ್ಚಿನ ರಸ್ತೆಯ ಹೆಂಗಸೊಬ್ಬಳು ಫೋನು ಮಾಡಿ, ನಲ್ಲಿ ನೀರು ಕ್ಲೋರಿನ್ ವಾಸನೆ ಬರುತ್ತಿದೆ, ಸಂಘದವರು ಕೂತು ಏನು ಮಾಡುತ್ತಿದ್ದೀರಿ ಎಂದು ದಬಾಯಿಸಿದಳು. ಅಟ್ರಾಕ್ಟಾ ಅವಳ ಮಾತು ಮುಗಿಯುವವರೆಗೂ ಉಗುರಿನೊಳಗಿನ ಮಣ್ಣು ತೆಗೆಯುತ್ತ ಕಾದಳು. ಆಮೇಲೆ ಕೋಟು ಹಾಕಿಕೊಂಡು, ನೀರಿಗೆ ಕ್ಲೋರಿನ್ ಬೆರೆಸುವ ಪಂಪ್‌ಹೌಸಿನ ಬೀಗದ ಕೈ ಹುಡುಕತೊಡಗಿದಳು.