ಪಕ್ಕದಿಂದ ಕಂಡ ಮರ

ಆ ವರ್ಷ ಫೆಬ್ರವರಿಯಲ್ಲಿ ಅಪ್ಪ ಕೆಲಸ ಮಾಡುತ್ತಿದ್ದ ಕಲ್ಲಿದ್ದಲು ಗಣಿ ಮುಚ್ಚಿತು. ಆಗಸ್ಟ್‌ನಲ್ಲಿ ನಾನು ಎರಡು ವರ್ಷದ ಪದವಿ ಕೊಡುವ ಕಮ್ಯುನಿಟಿ ಕಾಲೇಜು ಸೇರಲು ಹೊರಟೆ. ಮನೆಯಲ್ಲಿದ್ದದ್ದು ಒಂದೇ ಪಿಕಪ್ ಗಾಡಿ. ಅದರ ಕ್ಲಚ್ಚು ಅಪ್ಪನ ಕಾಲಿಗೆ ಬಿಟ್ಟರೆ ಬೇರೆ ಯಾರ ಕಾಲಿಗೂ ಬಗ್ಗುತ್ತಿರಲಿಲ್ಲ. ಹಾಗಾಗಿ ಅಪ್ಪನೇ ನನ್ನನ್ನು ಕರೆತಂದ. ಕಾಲೇಜಿನ ಬಾಗಿಲಲ್ಲಿ ಬೂಟನ್ನು ಕಾಲೊರಸಿಗೆ ಮೂರು ಸಲ ಒರೆಸಿದ. ಒಳಗೆ ಬಂದ ಮೇಲೂ ಗೋಡೆಗೆ ಬೆನ್ನು ತಾಗಿಸದೆ ನಿಂತ. ಇಪ್ಪತ್ತೇಳು ವರ್ಷ ನೆಲದ ಕೆಳಗೆ ದುಡಿದವನಿಗೆ ತನ್ನ ಬಟ್ಟೆ ಎಲ್ಲಿ ತಾಗಿದರೂ ಮಸಿ ಹತ್ತುತ್ತದೆ ಎಂಬ ಭಯ ಹೋಗಿರಲಿಲ್ಲ.

ಹೊಸಬರಿಗೆ ಯಾವ ಪಾಠ ಯಾವಾಗ ತೆಗೆದುಕೊಳ್ಳಬೇಕೆಂದು ಹೇಳಿಕೊಡುವವರು ಮಿಸೆಸ್ ಟ್ಯಾಕೆಟ್. ಅರವತ್ತು ದಾಟಿದ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ನಾನು ಕೂತ ಕೂಡಲೇ ಕೇಳಿದರು.

"ಯಾರ ಮಗಳಮ್ಮ ನೀನು?"

"ವರ್ಲಿನ್ ಸ್ಟಿಡಮ್ ಮಗಳು. ಡ್ರೀಮಾ ಅಂತ."

"ಅಂದ್ರೆ ಹೋಬರ್ಟ್ ಸ್ಟಿಡಮ್ ಮೊಮ್ಮಗಳು! ನಿಮ್ಮಜ್ಜಿ ಚರ್ಚಿನ ಭಾನುವಾರದ ಪಾಠದಲ್ಲಿ ನನ್ನ ಕಿವಿ ಹಿಂಡಿದ್ದಾಳೆ ಕಣೆ. ಇದೇ ಕಿವಿ, ನೋಡು." ಆಮೇಲೆ ಬಾಗಿಲ ಕಡೆ ಕತ್ತು ಚಾಚಿ, "ಅದ್ಯಾರದು ಕಾವಲಿಗೆ ನಿಂತಿರೋದು?"

"ನಮ್ಮಪ್ಪ. ಇರೋದು ಒಂದೇ ಗಾಡಿ, ಓಡಿಸ್ಕೊಂಡು ಬಂದಿದ್ದಾನೆ ಅಷ್ಟೇ."

"ಬಾರೋ ವರ್ಲಿನ್, ಒಳಗೆ ಬಾ. ಕುರ್ಚಿ ಏನೂ ಕಚ್ಚಲ್ಲ."

ಅಪ್ಪ ಟೋಪಿ ತೆಗೆದು ಕುರ್ಚಿಯ ತುದಿಯಲ್ಲಿ ಕೂತ. ಮಿಸೆಸ್ ಟ್ಯಾಕೆಟ್ ನನ್ನ ಕೆಲಸ ಬೇಗ ಮುಗಿಸಿದರು. ನನಗೆ ನರ್ಸ್ ಆಗಬೇಕಿತ್ತು. ಮೊದಲ ವರ್ಷ ಅದಕ್ಕೆ ಬೇಕಾದ ಪಾಠಗಳು, ಅಂಕ ಚೆನ್ನಾಗಿ ಬಂದರೆ ಮುಂದಿನ ವರ್ಷ ನರ್ಸಿಂಗಿಗೆ ಅರ್ಜಿ. ಒಂದು ಹಾಳೆಯ ಮೇಲೆ ನಾಲ್ಕು ಚೌಕ, ಚೌಕಕ್ಕೊಂದು ಸೆಮಿಸ್ಟರು. ಮುದ್ರಿಸಿ ನನ್ನ ಕೈಗಿತ್ತು, ಅದೇ ಉಸಿರಿನಲ್ಲಿ ಅಪ್ಪನ ಕಡೆ ತಿರುಗಿದರು.

"ಈಗ ನಿಂದು."

"ನಂದೇನು?"

"ಗಣಿ ಮುಚ್ಚಿದವರಿಗೆ ಸರ್ಕಾರ ಓದಿನ ಖರ್ಚು ಕೊಡ್ತಿದೆ. ನಿಂಗೆ ಗೊತ್ತಿಲ್ವಾ, ಇಲ್ಲ ಗೊತ್ತಿದ್ದೂ ಬಾಗಿಲಲ್ಲಿ ನಿಂತಿದ್ಯಾ?"

ಅಪ್ಪ ಟೋಪಿಯ ಅಂಚನ್ನು ಬೆರಳಲ್ಲಿ ತಿರುಗಿಸಿದ. "ಹತ್ತನೇ ಕ್ಲಾಸಿಗೇ ಬಿಟ್ಟವನು ನಾನು. ಆಮೇಲೆ ಚರ್ಚ್ ಹಿಂದಿನ ಕೋಣೇಲಿ ಕೂತು ಹೈಸ್ಕೂಲ್ ಪರೀಕ್ಷೆ ಕಟ್ಟಿದ್ದೆ. ಅಷ್ಟೇ."

"ಪಾಸಾದ್ಯಾ?"

"ಆದೆ."

"ಮತ್ತೆ ಇನ್ನೇನು? ಗಣೀಲಿ ಏನು ಮಾಡ್ತಿದ್ದೆ?"

"ಎಲ್ಲಾನೂ. ಕೊನೇ ಒಂಬತ್ತು ವರ್ಷ ಕರೆಂಟು ನೋಡ್ಕೊಂಡೆ. ಅದರ ಕಾಗದ ಇದೆ ನನ್ನ ಹತ್ರ."

"ಕಾಗದ ಇದೆ ಅಂತ ಈಗ ಹೇಳ್ತಾನೆ ಮಹಾರಾಯ!" ಎಂದು ಅವರು ಕನ್ನಡಕ ಏರಿಸಿಕೊಂಡರು. ಆ ಕಾಗದ ತಂದುಕೊಟ್ಟರೆ ಮೂರು ಪಾಠ ಕಲಿತಂತೆಯೇ ಲೆಕ್ಕ ಎಂದರು. ಎಲೆಕ್ಟ್ರಿಕಲ್ ಪದವಿ, ಎರಡು ವರ್ಷ. ಗಣಿತಕ್ಕೆ ಮೊದಲು ಒಂದು ಸಣ್ಣ ಪರೀಕ್ಷೆ. ಇಂಗ್ಲಿಷಿನಲ್ಲಿ ಬರೆಯುವುದಕ್ಕೆ ಒಂದು ಪಾಠ. ಜೊತೆಗೆ ಪದವಿಗೆ ಒಂದಾದರೂ ವಿಜ್ಞಾನ ಬೇಕೇ ಬೇಕು. ಜೀವಶಾಸ್ತ್ರ ಆಗಲೇ ತುಂಬಿ ಹೋಗಿತ್ತು.

"ಭೂವಿಜ್ಞಾನದಲ್ಲಿ ಜಾಗ ಇದೆ, ಮಂಗಳವಾರ ಗುರುವಾರ. ಒಂದೇ ಗಾಡಿ ಅಂದ್ರೆ ಒಂದೇ ಹೊತ್ತು. ಇಬ್ರೂ ಅದನ್ನೇ ತಗೊಳ್ಳಿ, ಇವಳ ಹಾಳೇಲೂ ಸೇರಿಸ್ತೀನಿ."

"ಕಲ್ಲಿನ ಪಾಠವಾ?" ಅಪ್ಪ ಮೊದಲ ಸಲ ನಕ್ಕ. "ಅದನ್ನ ದುಡ್ಡು ಕೊಟ್ಟು ಬೇರೆ ಕಲೀಬೇಕಾ?"

"ದುಡ್ಡು ಸರ್ಕಾರದ್ದು. ನೀನು ಬರೀ ಕೂತ್ಕೋ."

ಅಪ್ಪನ ಹಾಳೆಯೂ ಮುದ್ರಣವಾಗಿ ಬಂತು. ಗಾಡಿಯಲ್ಲಿ ಕೂತ ಮೇಲೆ ಅವನು ಕೀಲಿ ತಿರುಗಿಸಲಿಲ್ಲ. ಹಾಳೆಯನ್ನು ಸ್ಟೀರಿಂಗಿನ ಮೇಲೆ ಹರಡಿ ನಾಲ್ಕೂ ಚೌಕಗಳನ್ನು ತುಟಿ ಅಲ್ಲಾಡಿಸುತ್ತ ಓದಿದ. ಮುಂದಿನ ವಾರ ಯಾವ ಪಾಳಿ ಎಂದು ಶುಕ್ರವಾರದವರೆಗೂ ತಿಳಿಯದೆ ಬದುಕಿದ ಮನುಷ್ಯ. ಈಗ ಅವನ ಮುಂದಿನ ಎರಡು ವರ್ಷ ಅವನದೇ ಹೆಸರಿನ ಕೆಳಗೆ ಅಚ್ಚಾಗಿತ್ತು.

"ಇದು ಆಗುತ್ತೆ ಅಂತೀಯಾ?" ಎಂದು ಕೇಳಿದ. ಅಪ್ಪ ನನ್ನನ್ನು ಒಂದು ವಿಷಯ ನಿಜವಾಗಿ ಕೇಳಿದ್ದು ಅದೇ ಮೊದಲು.

"ಗೊತ್ತಿಲ್ಲಪ್ಪ. ನಂದೇ ಆಗುತ್ತೋ ಇಲ್ವೋ."

ಗಣಿತದ ಪರೀಕ್ಷೆಯಲ್ಲಿ ಅವನು ಎಲ್ಲರಿಗಿಂತ ಕೆಳಗಿನ ಪಾಠಕ್ಕೆ ಬಿದ್ದ. ಅಮ್ಮ ಬೀನ್ಸ್ ಸಾರು ಬಡಿಸುತ್ತ, "ಎಕ್ಸ್ ಅಂದ್ರೆ ಎಷ್ಟೂಂತ ಸಿಕ್ತಾ, ಇಲ್ಲ ಇನ್ನೂ ಹುಡುಕ್ತಿದ್ದೀಯಾ?" ಎಂದು ದಿನಾ ಕೆಣಕುತ್ತಿದ್ದಳು. ಅಪ್ಪ ಜೋಳದ ರೊಟ್ಟಿ ಮುರಿದು ಸಾರಿಗೆ ಹಾಕಿಕೊಳ್ಳುತ್ತ, "ದಿನಕ್ಕೊಂದು ಬೆಲೆ ಕಣೆ ಅದಕ್ಕೆ, ನಂಬೋಹಾಗಿಲ್ಲ" ಎನ್ನುತ್ತಿದ್ದ.

ಭೂವಿಜ್ಞಾನದ ಮೇಡಂ ಹೆಸರು ಮಿಸ್ ಹೋಲ್‌ಬ್ರೂಕ್. ಮೂವತ್ತೂ ತುಂಬಿರಲಿಲ್ಲ. ಅಪ್ಪ ಹಿಂದಿನ ಬೆಂಚಿನಲ್ಲಿ ಕೂತು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ, ಒಂದು ಮಾತೂ ಆಡುತ್ತಿರಲಿಲ್ಲ. ತಾನು ನನ್ನ ಅಪ್ಪ ಎಂದು ಗೊತ್ತಾದರೆ ನನಗೆ ನಾಚಿಕೆಯಾದೀತು ಎಂದು ಎರಡು ಬೆಂಚು ದೂರ ಕೂರುತ್ತಿದ್ದ. ಎಲ್ಲರಿಗೂ ಗೊತ್ತಿತ್ತು. ಮೂಗು ನೋಡಿದರೆ ಸಾಕಿತ್ತು.

ಅಕ್ಟೋಬರಿನಲ್ಲಿ ಮೇಡಂ ನಮ್ಮನ್ನು ಹೆದ್ದಾರಿಗೆ ಕರೆದೊಯ್ದರು. ನಮ್ಮ ಕಡೆ ರಸ್ತೆ ಮಾಡುವಾಗ ಗುಡ್ಡವನ್ನು ನೆಟ್ಟಗೆ ಕತ್ತರಿಸಿಬಿಡುತ್ತಾರೆ. ಅಂಥ ಒಂದು ಕಡಿತದ ಕೆಳಗೆ, ರಸ್ತೆಯಿಂದ ಒಳಗಿದ್ದ ಹುಲ್ಲಿನ ಪಟ್ಟಿಯಲ್ಲಿ ಹದಿನಾಲ್ಕು ಜನ ನಿಂತೆವು. ಎಲ್ಲರ ತಲೆಯ ಮೇಲೂ ಹಳದಿ ಹೆಲ್ಮೆಟ್ಟು. ಕೆಳಗೆ ಮಂಡಿಯೆತ್ತರಕ್ಕೆ ಕಲ್ಲಿದ್ದಲಿನ ಕಪ್ಪು ಪಟ್ಟಿ, ಅದರ ಮೇಲೆ ಬೂದುಬಣ್ಣದ ಪದರ ಪದರ ಕಲ್ಲು.

"ಹತ್ರ ಹೋಗಿ ಏನು ಕಾಣುತ್ತೋ ಬರೀರಿ. ಹೆಸರು ಬೇಡ, ಕಂಡಿದ್ದು ಮಾತ್ರ" ಎಂದರು ಮೇಡಂ. ಹಾಗೆ ಹೇಳುತ್ತ ತಾವೇ ಗೋಡೆಯ ಬುಡಕ್ಕೆ ಹೋಗಿ ನಿಂತರು.

"ಅಲ್ಲಿಂದ ಈಚೆ ಬನ್ನಿ!"

ಅಪ್ಪನ ಆ ಕೂಗು ನಾನು ಹಿಂದೆಂದೂ ಕೇಳಿದ್ದಲ್ಲ. ಕೂಗಿದ್ದಷ್ಟೇ ಅಲ್ಲ, ನಾಲ್ಕು ಹೆಜ್ಜೆಗೆ ಅವರನ್ನು ಮುಟ್ಟಿ ತೋಳು ಹಿಡಿದು ಹುಲ್ಲಿನ ಕಡೆ ಎಳೆದುಬಿಟ್ಟ. ಆಮೇಲೆ ಅಪ್ಪನೇ ಗಾಬರಿಗೊಂಡು ಕೈಬಿಟ್ಟ.

"ತಪ್ಪಾಯ್ತು ಮೇಡಂ. ಅದರ ಕೆಳಗೆ ನಿಲ್ಬಾರದು. ಅದು ಹಂಡೆತಳ."

ಅವನು ತೋರಿಸಿದ ಕಡೆ ನೋಡಿದೆವು. ಕಲ್ಲಿದ್ದಲಿನ ಪಟ್ಟಿಯಿಂದ ಮೇಲಕ್ಕೆ, ಅಡ್ಡ ಪದರಗಳನ್ನೆಲ್ಲ ಸೀಳಿಕೊಂಡು ಒಂದು ಕಂಬ ನಿಂತಿತ್ತು. ಎರಡಾಳಿನ ಎತ್ತರ. ಕೆಳಗೆ ಅಗಲ, ಮೇಲೆ ಹೋದಂತೆ ಸಪೂರ. ಸುತ್ತ ಒಂದು ತೆಳು ಕಪ್ಪು ಅಂಚು. ಅದರಡಿಯ ಕಲ್ಲಿದ್ದಲು ಉದುರಿ ದುಂಡನೆಯ ತಳ ಕಾಣುತ್ತಿತ್ತು.

"ಹಂಡೆತಳ ಅಂದ್ರೇನು, ಮಿಸ್ಟರ್ ಸ್ಟಿಡಮ್? ನೀವೇ ಹೇಳಿ ಎಲ್ಲರಿಗೂ" ಎಂದರು ಮೇಡಂ. ತೋಳು ಉಜ್ಜಿಕೊಳ್ಳುತ್ತಿದ್ದರು, ಆದರೆ ಮುಖದಲ್ಲಿ ಸಿಟ್ಟಿರಲಿಲ್ಲ.

ಅಪ್ಪ ಮಾತಾಡಿದ. ಗಣಿಯೊಳಗೆ ಕಲ್ಲಿದ್ದಲು ತೆಗೆದ ಮೇಲೆ ತಲೆಯ ಮೇಲಿನ ಕಲ್ಲಿನ ಮಾಡನ್ನು ನೋಡಿದರೆ ಅಲ್ಲಲ್ಲಿ ದುಂಡಗೆ, ಹಂಡೆಯನ್ನು ಕೆಳಗಿನಿಂದ ನೋಡಿದ ಹಾಗೆ ಒಂದು ವೃತ್ತ ಕಾಣುತ್ತದೆ. ಸುತ್ತಲಿನ ಕಲ್ಲಿಗೆ ಅದು ಅಂಟಿಕೊಂಡಿರುವುದಿಲ್ಲ. ಕಬ್ಬಿಣದ ಸಲಾಕೆಯಿಂದ ಮಾಡನ್ನು ಕುಟ್ಟಿ ಕೇಳಬೇಕು. ಗಟ್ಟಿ ಇದ್ದರೆ ಗಂಟೆಯ ಹಾಗೆ ಖಣ್ ಎನ್ನುತ್ತದೆ, ಸಡಿಲವಿದ್ದರೆ ಡೋಲಿನ ಹಾಗೆ ಡಬ್ ಎನ್ನುತ್ತದೆ. ಕಂಡ ಕೂಡಲೇ ಬೋಲ್ಟು ಹೊಡೆದು ಕಟ್ಟಬೇಕು. "ಇಲ್ದಿದ್ರೆ ಬೀಳುತ್ತೆ. ಬೀಳೋ ಮುಂಚೆ ಒಂದು ಚೂರೂ ಸದ್ದು ಮಾಡಲ್ಲ. ಒಂದೊಂದು ಅರ್ಧ ಟನ್ ಇರುತ್ತೆ."

"ಅದು ಏನು ಅಂತ ಗೊತ್ತಾ ನಿಮಗೆ?"

"ಹಳೇ ಮರ ಅಂತ ಹಿರಿಯರು ಅಂತಿದ್ರು. ಅವರು ಏನೇನೋ ಅಂತಿದ್ರು."

"ಅವರು ಅಂದದ್ದು ನಿಜ" ಎಂದರು ಮಿಸ್ ಹೋಲ್‌ಬ್ರೂಕ್. "ಇದು ಮರ. ಎಲ್ಲಿ ಹುಟ್ಟಿತೋ ಅಲ್ಲೇ ನಿಂತಿದೆ. ಮೂವತ್ತೊಂದು ಕೋಟಿ ವರ್ಷದಿಂದ."

ಹೆದ್ದಾರಿಯಲ್ಲಿ ಒಂದು ಲಾರಿ ಹಾದುಹೋಯಿತು. ಮೇಡಂ ನಿಧಾನವಾಗಿ ಹೇಳುತ್ತ ಹೋದರು. ಆಗ ಈ ನೆಲ ಭೂಮಧ್ಯರೇಖೆಯ ಹತ್ತಿರವಿತ್ತು, ಕೊನೆಯಿಲ್ಲದ ಬಿಸಿ ಜೌಗು. ಹೂವಿಲ್ಲ, ಹಕ್ಕಿಯಿಲ್ಲ. ನೂರಡಿ ಬೆಳೆಯುವ ಮರಗಳು, ಮೈತುಂಬ ಹಾವಿನ ಚರ್ಮದಂಥ ಚೌಕುಳಿ. ನೀರಲ್ಲಿ ಬಿದ್ದು ಕೊಳೆತ ಕಾಡೇ ಕಲ್ಲಿದ್ದಲಾಯಿತು. ಒಂದು ಪ್ರವಾಹ ಬಂದು ನಿಂತ ಮರಗಳನ್ನು ನಿಂತಂತೆಯೇ ಕೆಸರಲ್ಲಿ ಹೂತಿತು. ಒಳಗಿನ ಮೆತ್ತನೆಯ ತಿರುಳು ಕೊಳೆತು ಟೊಳ್ಳಾಯಿತು, ಟೊಳ್ಳಿನಲ್ಲಿ ಕೆಸರು ತುಂಬಿ ಕಲ್ಲಾಯಿತು.

"ಅದರ ದೂರದ ನೆಂಟರು ಈಗಲೂ ನಮ್ಮ ಕಾಡಲ್ಲಿವೆ" ಎಂದರು. "ಕ್ರಿಸ್‌ಮಸ್‌ಗೆ ನಿಮ್ಮಜ್ಜಿಯರು ಮಾಲೆ ಕಟ್ಟೋಕೆ ಕಿತ್ತು ತರ್ತಿದ್ರಲ್ಲ, ನೆಲದ ಪೈನ್ ಅನ್ನೋ ಗೇಣೆತ್ತರದ ಗಿಡ. ಅದೇ."

ಹುಟ್ಟಿದಾಗಿನಿಂದ ಈ ಗುಡ್ಡಗಳ ನಡುವೆ ಇದ್ದೆ. ನಾವು ಶಾಲೆಗೆ ಹೋದ ದಾರಿ, ಚರ್ಚು, ಅಮ್ಮನ ಅಡುಗೆಮನೆ, ಎಲ್ಲದರ ಕೆಳಗೂ ಕತ್ತಲಲ್ಲಿ ಒಂದು ಕಾಡು ನೆಟ್ಟಗೆ ನಿಂತಿದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಅಪ್ಪ ಆ ಕಾಡಿನ ಬುಡದಲ್ಲಿ ಬಗ್ಗಿಕೊಂಡು ಓಡಾಡಿದ್ದ.

ಅಪ್ಪ ಹೆಲ್ಮೆಟ್ಟು ತೆಗೆದು ಕಂಕುಳಲ್ಲಿಟ್ಟುಕೊಂಡು ಕತ್ತೆತ್ತಿ ನೋಡುತ್ತಿದ್ದ.

"ನಾನು ಇದನ್ನ ಕೆಳಗಿಂದ ಮಾತ್ರ ನೋಡಿದ್ದು" ಎಂದ. ಯಾರಿಗೆ ಹೇಳಿದನೋ ಗೊತ್ತಿಲ್ಲ. ಆಮೇಲೆ ಅವರ ಕಡೆ ತಿರುಗಿ ಕೇಳಿದ, "ಮೇಡಂ, ಕುಟ್ಟಿ ನೋಡಿದ್ರೆ ಗೊತ್ತಾಗೇ ಆಗುತ್ತಾ? ಎಲ್ಲಾ ಸಲಾನೂ?"

"ಇಲ್ಲ. ಆ ಕಪ್ಪು ಅಂಚು ಕಾಣ್ತಿದೆಯಲ್ಲ, ಅದು ತೊಗಟೆ, ಕಲ್ಲಿದ್ದಲಾಗಿರೋದು. ಗಾಜಿನಷ್ಟು ನುಣುಪು. ಒಳಗಿನ ಕಲ್ಲು ಎಷ್ಟೇ ಗಟ್ಟಿ ಇದ್ರೂ ಅಲ್ಲಿ ಜಾರುತ್ತೆ. ಕೆಲವು ಗಂಟೆಯ ಹಾಗೇ ಸದ್ದು ಕೊಟ್ಟು ಆಮೇಲೆ ಬೀಳ್ತವೆ."

ಅಪ್ಪ ತಲೆಯಾಡಿಸಿದ. ಆಮೇಲೆ ಆ ದಿನ ಏನನ್ನೂ ಬರೆದುಕೊಳ್ಳಲಿಲ್ಲ.

ವಾಪಸು ಬರುವಾಗ ದಾರಿಯಲ್ಲಿ ಗಾಡಿ ನಿಲ್ಲಿಸಿದ. ಮುಂದಿನ ಗಾಜನ್ನೇ ನೋಡುತ್ತ ಡೆನ್ಜಿಲ್ ಚಿಕ್ಕಪ್ಪನ ಮಾತು ತೆಗೆದ. ಅಪ್ಪನ ತಮ್ಮ ಡೆನ್ಜಿಲ್ ಗಣಿಯಲ್ಲಿ ಸತ್ತನೆಂದು ಗೊತ್ತಿತ್ತು. ನಾನಾಗ ಒಂದು ವರ್ಷದವಳು. ಹೇಗೆ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.

"ಹಂಡೆತಳಾನೇ ಕಣೆ. ನನ್ನಿಂದ ಆರಡಿ ದೂರದಲ್ಲಿದ್ದ. ಇಪ್ಪತ್ತೆರಡು ವರ್ಷ ಅವನಿಗೆ." "ಮಾಡು ಕುಟ್ಟಿ ನೋಡಿದ್ದು ನಾನು. ಖಣ್ ಅಂತು. ಚೆನ್ನಾಗಿ ಖಣ್ ಅಂತು. 'ಗಟ್ಟಿ ಇದೆ, ಬಾರೋ' ಅಂತ ನಾನೇ ಅವನನ್ನ ಕರೆದೆ."

ನಾನು ಅವನ ಕೈ ಹಿಡಿದುಕೊಂಡೆ.

"ಹದಿನೇಳು ವರ್ಷ ಅಂದ್ಕೊಂಡಿದ್ದೆ, ನನ್ನ ಕಿವೀನೇ ತಪ್ಪು ಕೇಳ್ತು ಅಂತ. ಆ ಹುಡುಗಿ ಹೇಳಿದ್ದು ಕೇಳಿದ್ಯಲ್ಲ? ಕೆಲವು ಗಂಟೆಯ ಹಾಗೇ ಸದ್ದು ಕೊಡ್ತವಂತೆ." ಅವನು ಅಳುತ್ತಿದ್ದ, ಮುಖ ಒರೆಸಿಕೊಳ್ಳಲಿಲ್ಲ. "ಮರ ಅಂತೆ ಡ್ರೀಮಾ. ಎಂಥಾ ಮರ ಅದು! ಡೆನ್ಜಿಲ್ ನೋಡಿದ್ರೆ ಬಾಯಿ ಮುಚ್ತಿರ್ಲಿಲ್ಲ."

ಮರುವಾರ ಅಪ್ಪ ಒಬ್ಬನೇ ಮಿಸೆಸ್ ಟ್ಯಾಕೆಟ್ ಹತ್ತಿರ ಹೋಗಿ, "ನನ್ನ ಹಾಳೆ ಬದಲಾಯಿಸಬೇಕು" ಎಂದನಂತೆ. ಭೂವಿಜ್ಞಾನದಲ್ಲಿ ಪೂರ್ತಿ ಪದವಿ ಬೇಕಾದರೆ ಇಲ್ಲಿ ಮುಗಿಸಿ ವಿಶ್ವವಿದ್ಯಾಲಯಕ್ಕೆ ಹೋಗಬೇಕು, ಗಣಿತ ಇನ್ನೂ ನಾಲ್ಕು ಬೇಕು, ಬೆಟ್ಟದಷ್ಟಿದೆ ಎಂದು ಅವರು ಹೆದರಿಸಿದರಂತೆ. "ಬೆಟ್ಟದ ವಿಷಯ ತಿಳ್ಕೊಳ್ಳೋಕೇ ಹೋಗ್ತಿರೋದು" ಎಂದನಂತೆ ಅಪ್ಪ. ಎಲೆಕ್ಟ್ರಿಕಲ್ ಬಿಡಬೇಡ, ಅದು ಅನ್ನ ಕೊಡುತ್ತದೆ, ಎರಡನ್ನೂ ಹೆಣೆದು ಕೊಡುತ್ತೇನೆ ಎಂದು ಅವರು ಮಧ್ಯಾಹ್ನವಿಡೀ ಕೂತು ಹಾಕಿಕೊಟ್ಟರು. ನಾಲ್ಕು ಚೌಕ ಹೋಗಿ ಹನ್ನೊಂದಾಯಿತು.

ಹಾಕಿದಂತೆ ಎಲ್ಲ ನಡೆಯಲಿಲ್ಲ. ಅಪ್ಪ ಬೀಜಗಣಿತದಲ್ಲಿ ಒಂದು ಸಲ ಫೇಲಾದ. ನಾನು ರಸಾಯನಶಾಸ್ತ್ರವನ್ನು ಅರ್ಧಕ್ಕೆ ಬಿಟ್ಟು ಮರುವರ್ಷ ತೆಗೆದುಕೊಂಡು, ನರ್ಸಿಂಗಿಗೆ ಎರಡನೇ ಅರ್ಜಿಯಲ್ಲಿ ಸೇರಿದೆ. ಎಲೆಕ್ಟ್ರಿಕಲ್ ಮುಗಿಸಿದ ಅಪ್ಪನಿಗೆ ಊರಿನ ಆಸ್ಪತ್ರೆಯಲ್ಲಿ ವೈರಿಂಗ್ ಕೆಲಸ ಸಿಕ್ಕಿತು. ಐವತ್ತನೇ ವಯಸ್ಸಿಗೆ ವಾರದಲ್ಲಿ ಎರಡು ದಿನ, ಹೋಗಲು ಎರಡು ಗಂಟೆ ಬರಲು ಎರಡು ಗಂಟೆ, ವಿಶ್ವವಿದ್ಯಾಲಯಕ್ಕೆ ಹೋಗತೊಡಗಿದ.

ಹೋದ ಶರತ್ಕಾಲದಲ್ಲಿ ಒಂದು ಗುರುವಾರ ನನಗೆ ರಜೆಯಿತ್ತು. "ಬಾ, ಒಂದು ತೋರಿಸ್ಬೇಕು. ಹೇಳಿದ್ರೆ ನಂಬಲ್ಲ ನೀನು" ಎಂದು ಕರೆದುಕೊಂಡು ಹೋದ. ಪ್ರಯೋಗಶಾಲೆಯಲ್ಲಿ ಒಂದು ಗಾಜಿನ ಚೂರು ತೆಗೆದ. ಅದಕ್ಕೆ ಅಂಟಿಸಿದ್ದದ್ದು ನಮ್ಮ ಹಿತ್ತಲ ಬಂಡೆಯ ಒಂದು ಬಿಲ್ಲೆ, ಅಪ್ಪನೇ ಕತ್ತರಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ತೇಯ್ದದ್ದು. ಬರಿಗಣ್ಣಿಗೆ ಒಂದು ಕೊಳೆಯ ಕಲೆಯ ಹಾಗಿತ್ತು. ಸೂಕ್ಷ್ಮದರ್ಶಕದ ಕೆಳಗಿಟ್ಟು, "ಕಣ್ಣಿಡು. ಈ ತಟ್ಟೆ ತಿರುಗಿಸು, ನಿಧಾನ" ಎಂದ.

ಮರಳಿನ ಕಣಗಳು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ತಟ್ಟೆ ತಿರುಗಿದಂತೆ ಒಂದೊಂದೇ ಬಿಳಿಯಿಂದ ಬೂದಿಗೆ, ಬೂದಿಯಿಂದ ಕಪ್ಪಿಗೆ ಹೋಗಿ ಮತ್ತೆ ಹೊತ್ತಿಕೊಂಡವು, ಊರಿನ ದೀಪಗಳನ್ನು ಯಾರೋ ಮನೆಮನೆಗೆ ಹೋಗಿ ಆರಿಸಿ ಹಚ್ಚಿದ ಹಾಗೆ. ನಡುವೆ ತೆಳ್ಳನೆಯ ಅಭ್ರಕದ ಎಳೆಗಳು ಗುಲಾಬಿಗೆ, ಹಸಿರಿಗೆ, ನವಿಲುನೀಲಿಗೆ ತಿರುಗುತ್ತಿದ್ದವು. ಚಿಕ್ಕವಳಿದ್ದಾಗ ನಾನು ಕೂತು ಜಾರುತ್ತಿದ್ದ ಬಂಡೆ ಅದು.

ಲ್ಯಾಬಿನವರು ಊಟದ ಹೊತ್ತಾಯಿತೆಂದು ಬೀಗದ ಕೈ ಹಿಡಿದು ಬಾಗಿಲಿಗೆ ಬಂದರು. ನಾನು ಕಣ್ಣು ತೆಗೆಯಲಿಲ್ಲ. ಹಿಂದಿನಿಂದ ಅಪ್ಪನ ಮಾತು ಕೇಳಿಸಿತು.

"ಒಂದು ನಿಮಿಷ ಇರಿ ಸ್ವಾಮಿ. ಅವಳು ಮೊದಲ ಸಲ ನೋಡ್ತಿದ್ದಾಳೆ."