ತೂಕದ ರಾಕೆಟ್ಟು

ಮಧುಗಿರಿಯ ಪಾತ್ರೆ ವ್ಯಾಪಾರಿ ಶಂಕರಲಿಂಗಪ್ಪನವರ ಲೆಕ್ಕದಲ್ಲಿ ಜಗತ್ತಿನ ವಸ್ತುಗಳೆಲ್ಲ ಎರಡೇ ಜಾತಿ: ತೂಕ ಇರುವವು, ತೂಕ ಇಲ್ಲದವು. ತೂಕ ಇಲ್ಲದ್ದನ್ನು ಅವರು ವಸ್ತು ಎಂದೇ ಒಪ್ಪುತ್ತಿರಲಿಲ್ಲ. ಮದುವೆಗೆ ಕೊಳದಪ್ಪಲೆ ಕೊಳ್ಳಲು ಬಂದವರ ಕೈಗೆ ಅಂಗಡಿಯಲ್ಲೇ ಭಾರವಾದದ್ದನ್ನು ಕೊಟ್ಟು, ಅವರ ತೋಳು ಜಗ್ಗುವುದನ್ನು ಕಣ್ತುಂಬ ನೋಡಿ, "ಹೆಂಗೈತೆ? ಮಾಲು ಅಂದ್ರೆ ಇದು" ಎನ್ನುವರು. ಈ ತೂಕದ ಪುರಾಣ ಕೇಳಿ ಕೇಳಿ ಅವರ ಹೆಂಡತಿ ಚನ್ನಮಲ್ಲಮ್ಮನ ಕಿವಿ ತೂತಾಗಿತ್ತು. ಶಂಕರಲಿಂಗಪ್ಪನವರ ಅಂಗೈ ಮಾತ್ರ ನಿಜವಾಗಿಯೂ ತಕ್ಕಡಿಯೇ. ಹತ್ತು ಗ್ರಾಮಿನ ವ್ಯತ್ಯಾಸವಿದ್ದರೂ ಹಿಡಿದುಬಿಡುತ್ತಿತ್ತು.

ಹೀಗಿರುವಾಗ ಮೊಮ್ಮಗಳು ಶಿವರಂಜನಿಗೆ ಟೆನಿಸ್ ರಾಕೆಟ್ಟು ತರುವ ಕೆಲಸ ಇವರ ಪಾಲಿಗೆ ಬರಬಾರದಿತ್ತು. ಬಂತು. ಹುಡುಗಿಯ ಅಪ್ಪ ಅಮ್ಮ ಇಬ್ಬರಿಗೂ ಪಾವಗಡದಲ್ಲಿ ನೌಕರಿ. ಬೆಳಗಿನ ಬಸ್ಸಿಗೆ ಹೋದರೆ ಕತ್ತಲಾದ ಮೇಲೆ ಮನೆ. ಕೊರಟಗೆರೆಯಿಂದ ಬಂದು ಕ್ರೀಡಾಂಗಣದಲ್ಲಿ ಮಕ್ಕಳಿಗೆ ಟೆನಿಸ್ ಕಲಿಸುವ ನರಸಿಂಹರಾಜು ಬಿಡಿಸಿ ಬಿಡಿಸಿ ಹೇಳಿದ್ದ: "ಯಜಮಾನ್ರೇ, ಇನ್ನೂ ಬೆಳೆಯೋ ಕೈ. ಹಗುರವಾದ್ದು ತಗೊಳ್ಳಿ. ಭಾರ ಆದ್ರೆ ಮಣಿಕಟ್ಟು ಹಾಳಾಯ್ತದೆ." ಯಜಮಾನರು ತಲೆಯಾಡಿಸಿ ತುಮಕೂರಿಗೆ ಹೋದರು. ಅಂಗಡಿಯವನು ಒಂದೇ ಕಂಪನಿಯ, ಒಂದೇ ನೀಲಿ ಬಣ್ಣದ, ಒಂದೇ ಬೆಲೆಯ ಎರಡು ರಾಕೆಟ್ಟುಗಳನ್ನು ಮುಂದಿಟ್ಟ. ಒಂದು ಕಲಿಯುವ ಮಕ್ಕಳದು, ಹಗುರ. ಇನ್ನೊಂದು ಪಳಗಿದ ದೊಡ್ಡವರದು, ಭಾರ. ಅದೇ ಬೆಲೆಗೆ ಹೆಚ್ಚು ತೂಕ ಸಿಗುವಾಗ ಕಡಿಮೆ ತೂಕದ್ದನ್ನು ಕೊಳ್ಳುವ ಮಂಕುದಿಣ್ಣೆ ಅವರ ವಂಶದಲ್ಲೇ ಹುಟ್ಟಿರಲಿಲ್ಲ. ಕೊಡಕ್ಕೆ ತಟ್ಟಿದ ಹಾಗೆ ಬೆರಳಿನಿಂದ ತಟ್ಟಿ ನಾದ ಕೇಳಿ, ಭಾರದ್ದನ್ನೇ ಕಟ್ಟಿಸಿಕೊಂಡು ಬಂದರು.

"ತುಮಕೂರಿನೋನಿಗೆ ಟೋಪಿ ಹಾಕ್ಬುಟ್ಟೆ ಕಣೇ," ಎಂದರು ಹೆಂಡತಿಗೆ. "ಪೆದ್ ನನ್ಮಗ, ಎರಡಕ್ಕೂ ಒಂದೇ ರೇಟ್ ಇಟ್ಟವ್ನೆ!"

ಅಂದಿನಿಂದ ರಾಕೆಟ್ಟಿಗೆ ದಿನವೂ ಪೂಜೆಯೊಂದೇ ಬಾಕಿ. ಸಂಜೆ ಹುಡುಗಿ ಆಡಿ ಬಂದ ಕೂಡಲೇ ಅದನ್ನು ಇಸಿದುಕೊಂಡು, ಅಂಗೈ ಮೇಲಿಟ್ಟು ತೂಗಿ, ಅಂಗಡಿಗೆ ಬಂದವರಿಗೆಲ್ಲ ತೋರಿಸುವರು. ಇತ್ತ ಶಿವರಂಜನಿಯ ಮಣಿಕಟ್ಟು ಬಾತುಕೊಂಡಿತು. ಚೆಂಡು ಬಂದು ದಾಟಿ ಹೋದ ಮೇಲೆ ರಾಕೆಟ್ಟು ಅಲ್ಲಿಗೆ ತಲುಪುತ್ತಿತ್ತು. ನರಸಿಂಹರಾಜು ಮನೆಗೇ ಬಂದು ಹೇಳಿ ನೋಡಿದ. "ಭಾರ ಎತ್ತಿದ್ರೇನೇ ಕೈಗೆ ಕಸುವು ಕಣಯ್ಯ" ಎಂದು ಕಾಫಿ ಕುಡಿಸಿ ಕಳಿಸಿದರು. ಚನ್ನಮಲ್ಲಮ್ಮ ಹೇಳಿದ್ದಕ್ಕೆ ಕಾಫಿಯೂ ಸಿಗಲಿಲ್ಲ.

ಒಂದು ಸಂಜೆ ಅವಳು ಅಡುಗೆಮನೆಯಲ್ಲಿ ಮೊಮ್ಮಗಳ ಕೈಗೆ ಬಿಸಿ ಹರಳೆಣ್ಣೆ ಹಚ್ಚುತ್ತಿದ್ದಾಗ ಹುಡುಗಿ ಅಳುವುದಕ್ಕೆ ಶುರುಮಾಡಿದಳು. "ಅಜ್ಜಿ, ಭಾನುವಾರ ಶಿರಾದಲ್ಲಿ ಮ್ಯಾಚ್ ಐತೆ. ಗೆದ್ದೋರಿಗೆ ಬೇಸಿಗೆ ಕ್ಯಾಂಪು. ನಾನು ಹೋಗಲ್ಲ. ಆಟಾನೇ ಬಿಟ್ಬುಡ್ತೀನಿ."

ಚನ್ನಮಲ್ಲಮ್ಮ ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟಳು. ಮಿಡಿಗೇಶಿಯ ಕಡಲೆಕಾಯಿ ಹೊಲಗಳಲ್ಲಿ ಮಣ್ಣಹೆಂಟೆ ಬೀಸಿ ಹಕ್ಕಿ ಓಡಿಸುತ್ತ ಬೆಳೆದವಳು ಅವಳು. ಬೀಸುವ ಸುಖ ಏನೆಂದು ಆ ತೋಳಿಗೆ ಗೊತ್ತಿತ್ತು. ಮದುವೆಯಾಗಿ ಬಂದ ಮೇಲೆ ಅವಳು ಬೀಸಿದ್ದು ಬೀಸುವ ಕಲ್ಲು ಮಾತ್ರ. ಈ ಮಗುವಿನ ಸುಖವೂ ಮುದುಕನ ಜಂಬಕ್ಕೆ ಬಲಿಯಾಗಬೇಕೆ ಎಂದು ಅವಳಿಗೆ ಸಿಟ್ಟು ಬಂತು. ಸಿಟ್ಟು ಬಂದಾಗ ಕೂಗಾಡುವ ಜಾಯಮಾನ ಅವಳದಲ್ಲ. ಅವಳಿಗೆ ನಗು ಬರುತ್ತಿತ್ತು. ಆ ನಗುವನ್ನು ಕಂಡರೆ ನೆರೆಯವರು ತಮ್ಮ ಹಿತ್ತಿಲ ಬಾಗಿಲು ಭದ್ರಪಡಿಸಿಕೊಳ್ಳುತ್ತಿದ್ದರು.

"ಅಳ್ಬ್ಯಾಡ ಕಣಮ್ಮಿ. ನಾಳೆ ಶನಿವಾರ, ಬೆಳಗ್ಗೆ ಸ್ಕೂಲು ಮುಗಿಸ್ಕೊಂಡು ಬಾ. ಮಿಡಿಗೇಶಿಗೆ ಹೋಗ್ಬರಾನ."

ಗಂಡನಿಗೆ ಹೇಳಿದ್ದು ಮಿಡಿಗೇಶಿ, ಹೋದದ್ದು ತುಮಕೂರಿಗೆ. ರಾಕೆಟ್ಟಿನ ಅಂಗಡಿಯವನು ಪುಣ್ಯಾತ್ಮ. "ಅವತ್ತೇ ಹೇಳ್ದೆ ಅಮ್ಮ, ನಿಮ್ ಯಜಮಾನ್ರು ಕೇಳ್ಬೇಕಲ್ಲ" ಎಂದು ಬದಲಾಯಿಸಿಕೊಡಲು ಒಪ್ಪಿ, ಮಕ್ಕಳ ರಾಕೆಟ್ಟುಗಳನ್ನೆಲ್ಲ ತೆಗೆದು ಹರವಿದ. ಹಿಡಿ ದಪ್ಪವಾಗಿರಬಾರದು, ಮುಷ್ಟಿ ಕಟ್ಟಿದಾಗ ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಬೆರಳು ಹಿಡಿಸುವಷ್ಟು ಜಾಗ ಇರಬೇಕು ಎಂದೂ ತೋರಿಸಿಕೊಟ್ಟ. ಅಷ್ಟು ಸಾಲದೆ ಚನ್ನಮಲ್ಲಮ್ಮ ತನ್ನದೇ ಒಂದು ಪರೀಕ್ಷೆ ಇಟ್ಟಳು.

"ಕೈ ಚಾಚಿ ಹಿಡ್ಕೊ. ನಾನೊಂದು ವಚನ ಹೇಳ್ತೀನಿ. ಅಂಕಿತ ಬರೋ ತನ್ಕ ಕೈ ಇಳೀಬಾರ್ದು."

ಗಿರಾಕಿಗಳು ಬೆರಗಾಗಿ ನೋಡುತ್ತಿದ್ದಂತೆ ಕ್ರೀಡಾ ಸಾಮಗ್ರಿಯ ಅಂಗಡಿಯಲ್ಲಿ ವಚನಪಠಣ ನಡೆಯಿತು. ಒಂದು ರಾಕೆಟ್ಟು ಎರಡನೇ ಸಾಲಿಗೇ ನಡುಗಿತು. ಇನ್ನೊಂದು ಕೊನೆಯ ಸಾಲಿನವರೆಗೆ ಬಂದು ಸೋತಿತು. ಅವತ್ತು ಯಜಮಾನರು ಬೇಡವೆಂದಿದ್ದ ಆ ಹಗುರದ ನೀಲಿ ರಾಕೆಟ್ಟು ಮಾತ್ರ ಅಂಕಿತ ದಾಟಿ, ಅಜ್ಜಿ ಕಣ್ಣು ತೆರೆಯುವವರೆಗೂ ನೆಟ್ಟಗೆ ನಿಂತಿತ್ತು. ಖಾತ್ರಿಗೆಂದು ತಾನೂ ಒಂದು ಸಲ ಬೀಸಿ ನೋಡಿದಳು. ಕಪಾಟಿನ ಮೇಲಿದ್ದ ಶಟಲ್ ಡಬ್ಬಗಳೆಲ್ಲ ಉರುಳಿಬಿದ್ದವು. "ಇದೇ ಇರ್ಲಿ" ಎಂದಳು.

ಉಳಿದದ್ದು ಶಂಕರಲಿಂಗಪ್ಪನವರ ಅಂಗೈ. ಕಣ್ಣಿಗೆ ಎರಡೂ ಒಂದೇ ಥರ, ಅಂಗೈಗೆ ಅಲ್ಲವಲ್ಲ. ಅದಕ್ಕೂ ಚನ್ನಮಲ್ಲಮ್ಮ ಬಸ್ಸಿನಲ್ಲೇ ಉಪಾಯ ಹೂಡಿದ್ದಳು. ಮನೆಯ ಮುಂದಿನ ಪಾತ್ರೆ ಅಂಗಡಿಯಲ್ಲಿ ಹಳೇ ತಾಮ್ರ, ಬೆಳ್ಳಿ ತೂಗುವ ಸಣ್ಣ ತಕ್ಕಡಿಯೊಂದಿತ್ತು. ಅದರ ಪುಟ್ಟ ಪುಟ್ಟ ಹಿತ್ತಾಳೆ ಬಟ್ಟುಗಳು ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಕೂತಿರುತ್ತಿದ್ದವು. ವಾಪಸು ಬಂದು, ಗಂಡ ಕಾಫಿಗೆ ಒಳಗೆ ಬಂದ ಹೊತ್ತಿನಲ್ಲಿ, ತುಮಕೂರಿನವನು ಹೇಳಿದ್ದ ತೂಕದ ವ್ಯತ್ಯಾಸಕ್ಕೆ ಸರಿಯಾಗಿ ಒಂದು ಹಿಡಿ ಬಟ್ಟುಗಳನ್ನು ಸೆರಗಿಗೆ ಸೇರಿಸಿದಳು. ರಾಕೆಟ್ಟಿನ ಹಿಡಿಯ ತಳದ ಮುಚ್ಚಳ ತೆಗೆದು, ಅಲುಗಾಡದಂತೆ ಬಟ್ಟೆ ಸುತ್ತಿ ಒಳಗೆ ತುರುಕಿ, ಮುಚ್ಚಳ ಹಾಕಿ ಟೇಪು ಸುತ್ತಿದಳು. ಶಿರಾಕ್ಕೆ ಹೋದ ಮೇಲೆ, ಆಟಕ್ಕೆ ಮುಂಚೆ, ತೆಗೆದರಾಯಿತು.

ಸಂಜೆ ಶಂಕರಲಿಂಗಪ್ಪ ರಾಕೆಟ್ಟು ತೂಗಿದರು. ಅಂಗೈ ಒಂದು ಸಲ ಅನುಮಾನಪಟ್ಟಿತು. ಮತ್ತೊಮ್ಮೆ ತೂಗಿದರು. ಚನ್ನಮಲ್ಲಮ್ಮ ಒಗ್ಗರಣೆಗೆ ಸಾಸಿವೆ ಹಾಕುವ ನೆಪದಲ್ಲಿ ಓರೆಗಣ್ಣಿನಿಂದ ನೋಡುತ್ತಿದ್ದಳು. "ಅಹಾ, ಏನ್ ಮಾಲು!" ಎಂದು ಕೆಳಗಿಟ್ಟರು.

ಅಂಗಡಿಯಲ್ಲಿ ಮಾತ್ರ ರಂಪ. "ಲೇ ಸಣ್ಣರಂಗಯ್ಯ, ಬಟ್ಟು ಎಲ್ಲೋದ್ವೋ?" ಎಂದು ಹಳೆಯ ಆಳಿನ ಮೇಲೆ ಹರಿಹಾಯ್ದರು. ಸಣ್ಣರಂಗಯ್ಯ ಪೆಟ್ಟಿಗೆ ತಲೆಕೆಳಗು ಮಾಡಿ ತೋರಿಸಿದ. "ಇಲಿ ಹೊತ್ಕೊಂಡು ಹೋಗಿರ್ಬೈದು ಬುಡಿ" ಎಂದಳು ಚನ್ನಮಲ್ಲಮ್ಮ. "ಹಿತ್ತಾಳೆ ತಿನ್ನೋ ಇಲಿನಾ?" "ತೂಕ ಇದ್ರೇನೇ ತಿಂತವಂತೆ." ಆಮೇಲೆ ಸಣ್ಣರಂಗಯ್ಯನ ತಟ್ಟೆಗೆ ಎರಡು ಹೋಳಿಗೆ ಹೆಚ್ಚಿಗೆ ಬಿದ್ದವು. ಅವನು ಕಾರಣ ಕೇಳಲಿಲ್ಲ.

ಎಲ್ಲವೂ ಸರಿಯಾಗಿತ್ತು. ಭಾನುವಾರ ಬೆಳಗ್ಗೆ ಶಂಕರಲಿಂಗಪ್ಪ ಇಸ್ತ್ರಿ ಪಂಚೆ ಉಟ್ಟು, ವಿಭೂತಿ ಇಟ್ಟು, "ನಾನೂ ಬರ್ತೀನಿ" ಎಂದು ಹೊರಟು ನಿಂತಾಗ ಚನ್ನಮಲ್ಲಮ್ಮನ ಲೆಕ್ಕವೆಲ್ಲ ತಲೆಕೆಳಗಾಯಿತು. ಶಿರಾ ಬಸ್ಸಿನಲ್ಲಿ ರಾಕೆಟ್ಟು ಅವರ ತೊಡೆಯ ಮೇಲೆಯೇ. "ಕೊಡ್ರಿ, ನಾನ್ ಹಿಡ್ಕೊತೀನಿ" ಎಂದರೆ, "ನಿಂಗೆ ಭಾರ ಆಯ್ತದೆ" ಎಂದರು. ಮೈದಾನದಲ್ಲಿ ಇಳಿದವರು ಅದನ್ನು ನೆಟ್ಟಗೆ ಮೊಮ್ಮಗಳ ಕೈಗೇ ಕೊಟ್ಟರು. ಹುಡುಗಿ ಅಜ್ಜಿಯ ಮುಖ ನೋಡಿದಳು. ಅಜ್ಜಿ ಆಕಾಶ ನೋಡಿದಳು.

ಎದುರಾಳಿ ಪಾವಗಡದ ಹುಡುಗಿ, ಜಿಂಕೆಯ ಹಾಗೆ ಚುರುಕು. ಅವಳ ಅಪ್ಪ ಕದರಪ್ಪ ಬೇಲಿಗೆ ಅಂಟಿಕೊಂಡು "ಕೊಟ್ಟಮ್ಮಾ, ಕೊಟ್ಟು! ಹೊಡಿ, ಬಿಡಬ್ಯಾಡ!" ಎಂದು ತೆಲುಗು ಕನ್ನಡ ಕಲಸಿ ಕೂಗುತ್ತಿದ್ದ. ಶಿವರಂಜನಿ ಮೂರು ಗೇಮು ಸೋತಳು. ಪ್ರತಿ ಹೊಡೆತಕ್ಕೂ ಮುಖ ಹಿಂಡಿಕೊಳ್ಳುವಳು. ಹಲ್ಲು ಕಚ್ಚಿ ನಾಲ್ಕನೆಯದಕ್ಕೆ ಸರ್ವ್ ಮಾಡಲು ಚೆಂಡು ಮೇಲೆಸೆದು, ಇದ್ದ ಬಲವನ್ನೆಲ್ಲ ಹಾಕಿ ಬೀಸಿದಳು.

ಟೇಪು ಕಿತ್ತಿತು. ಮುಚ್ಚಳ ಹಾರಿತು. ಅದರ ಹಿಂದೆಯೇ ಬಟ್ಟೆಯ ಗಂಟು ಬಿಚ್ಚಿಕೊಂಡು, ಹಿತ್ತಾಳೆ ಬಟ್ಟುಗಳು ಬಿಸಿಲಲ್ಲಿ ಫಳಫಳನೆ ಅಂಕಣದ ತುಂಬ ಉರುಳಿದವು. ಒಂದಂತೂ ನೆಟ್ಟಿನ ಕೆಳಗೆ ನುಸುಳಿ ಪಾವಗಡದ ಹುಡುಗಿಯ ಕಾಲ ಬಳಿಗೇ ಹೋಗಿ ನಿಂತಿತು.

"ಏಮಪ್ಪಾ ಇದಿ!" ಕದರಪ್ಪ ಕಿರುಚಿದ. "ಟೆನಿಸ್ ಆಡಕ್ಕೆ ಬಂದ್ರೋ, ಅಂಗಡಿ ಇಡಕ್ಕೆ ಬಂದ್ರೋ?"

ಮೈದಾನವೆಲ್ಲ ನಕ್ಕಿತು. ಶಂಕರಲಿಂಗಪ್ಪ ನಗಲಿಲ್ಲ. ಎದ್ದು ಅಂಕಣದೊಳಕ್ಕೆ ನಡೆದರು. ಒಂದು ಬಟ್ಟನ್ನು ಎತ್ತಿ ತಿರುಗಿಸಿ, ಸರ್ಕಾರಿ ಮುದ್ರೆ ನೋಡಿದರು. ರಾಕೆಟ್ಟು ಇಸಿದುಕೊಂಡು ಅಂಗೈ ಮೇಲಿಟ್ಟರು. ಅಂಗೈ ಈಗ ಸುಳ್ಳು ಹೇಳಲಿಲ್ಲ. ತಿರುಗಿ ಹೆಂಡತಿಯನ್ನು ನೋಡಿದರು. ಚನ್ನಮಲ್ಲಮ್ಮ ಭೂಮಿ ಬಾಯಿಬಿಟ್ಟರೆ ಸಾಕು ಎಂದುಕೊಂಡಳು. ಜೀವನದಲ್ಲಿ ಇಷ್ಟು ಹೆದರಿದ್ದಿಲ್ಲ. ಇಲ್ಲಿಗೆ ಮುಗಿಯಿತು, ಇನ್ನು ಮಗುವಿನ ಆಟಕ್ಕೇ ಕಲ್ಲು ಬಿತ್ತು ಅಂದುಕೊಂಡಳು.

"ಏನಮ್ಮ ಇದು?" ಎಂದು ಕೇಳಿದರು ಮೊಮ್ಮಗಳನ್ನು.

"ಕೈ ನೋಯ್ತಿತ್ತು ತಾತ. ನೀವು ಅಷ್ಟು ಖುಷಿಯಾಗಿ ಎಲ್ಲಾರ್ಗೂ ತೋರಿಸ್ತಿದ್ರಿ..." ಹುಡುಗಿ ಬಾತ ಮಣಿಕಟ್ಟನ್ನು ಮುಂದೆ ಚಾಚಿದಳು.

ಶಂಕರಲಿಂಗಪ್ಪ ಆ ಕೈಯನ್ನು ತಮ್ಮ ಅಂಗೈ ಮೇಲೆ ಇಟ್ಟುಕೊಂಡರು. ಅಭ್ಯಾಸಬಲ, ಅಂಗೈ ತಾನಾಗಿಯೇ ಒಂದಿಷ್ಟು ಮೇಲೆ ಕೆಳಗೆ ಆಡಿತು. ಮತ್ತೆ ಆಡಿತು. ಅವರ ಮುಖದ ಗಂಟೆಲ್ಲ ಸಡಿಲವಾಯಿತು.

"ಅಯ್ಯೋ ಶಿವನೇ, ಇಷ್ಟೇ ಇಷ್ಟು ಐತಲ್ಲ ಕಣವ್ವ ಈ ಕೈ," ಎಂದರು ಮೆಲ್ಲಗೆ. "ಊರಿಗಿರೋದನ್ನೆಲ್ಲ ತೂಗಿದ್ನಲ್ಲ, ಇದೊಂದ್ನ ತೂಗಲಿಲ್ಲ ನಾನು."

ಅಂಪೈರು ಹತ್ತಿರ ಬಂದ. ಶಿರಾದವನು, ಒಳ್ಳೆಯ ಮಾತಿನವನು. "ಅರೆ ಭಾಯ್, ಏನ್ ಸಮಾಚಾರ? ಯಾರು ಹಾಕಿದ್ದು ಇದನ್ನ?"

ಚನ್ನಮಲ್ಲಮ್ಮ ಧೈರ್ಯ ಮಾಡಿ ಎದ್ದಳು. ತಪ್ಪು ತನ್ನದು, ಮಗುವನ್ನು ಆಟದಿಂದ ತೆಗೆಯಬೇಡಿ ಎನ್ನಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಗಂಡನ ಗಂಟಲು ಕೇಳಿಸಿತು.

"ನಾನೇ ಸ್ವಾಮಿ. ನಮ್ಮ ಅಂಗಡಿ ಬಟ್ಟು, ಮುದ್ರೆ ನೋಡಿ ಬೇಕಾದ್ರೆ. ಅಭ್ಯಾಸದಲ್ಲಿ ತೂಕ ಇರ್ಲಿ, ಪಂದ್ಯದಲ್ಲಿ ಹಗುರ ಇರ್ಲಿ ಅಂತ. ತೆಗೆಯೋದು ಮರೆತೋಯ್ತು, ವಯಸ್ಸಾಯ್ತಲ್ಲ. ಈಗ ತೆಗ್ದಾಯ್ತು, ಆಡಿಸಿ."

ಚನ್ನಮಲ್ಲಮ್ಮನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಮುದ್ರೆ ಒತ್ತದ ಬಟ್ಟನ್ನು ಮುಟ್ಟದ ಮನುಷ್ಯ, ತಕ್ಕಡಿ ಮುಂದೆ ಸುಳ್ಳಾಡಬಾರದು ಎಂದು ಊರಿಗೇ ಬುದ್ಧಿ ಹೇಳುವ ಮನುಷ್ಯ, ಬಟ್ಟು ಕೈಯಲ್ಲಿ ಹಿಡಿದುಕೊಂಡೇ ನೀರು ಕುಡಿದ ಹಾಗೆ ಸುಳ್ಳು ಹೇಳಿದ್ದ. ಅದೂ ಅವಳ ಮಾನ ಉಳಿಸಲು. ಅವಳ ಕಣ್ಣು ಒದ್ದೆಯಾಯಿತು.

ಆಮೇಲೆ ಶಿವರಂಜನಿಯನ್ನು ಹಿಡಿಯುವವರಿರಲಿಲ್ಲ. ರಾಕೆಟ್ಟು ಅವಳ ತೋಳಿಗೇ ಬೆಳೆದ ಹಾಗಿತ್ತು. ಪಾವಗಡದವಳೂ ಸುಮ್ಮನೆ ಬಿಡಲಿಲ್ಲ. ಕೂಗಿ ಕೂಗಿ ಕದರಪ್ಪನ ಗಂಟಲು ಕಟ್ಟಿಹೋಯಿತು. ಕೊನೆಯ ಚೆಂಡು ಗೆರೆಯ ಒಳಗೆ ಬಿದ್ದು ಪಂದ್ಯ ಮುಗಿದಾಗ ಕ್ಯಾಂಪಿಗೆ ಮಧುಗಿರಿಯ ಹುಡುಗಿ ಆಯ್ಕೆಯಾಗಿದ್ದಳು. ಚನ್ನಮಲ್ಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಶಿಳ್ಳೆ ಹೊಡೆದಳು. ಅದು ಮಿಡಿಗೇಶಿಯ ಹಕ್ಕಿ ಓಡಿಸುವ ಶಿಳ್ಳೆ. ಗಂಡ ಅದನ್ನು ಮದುವೆಯಾದ ಮೇಲೆ ಮೊದಲ ಸಲ ಕೇಳಿದ್ದು.

ವಾಪಸು ಬರುವ ಬಸ್ಸಿನಲ್ಲಿ ಕಂಡಕ್ಟರು ಶಿರಾ ನಿಲ್ದಾಣದಲ್ಲೇ ಕದರಪ್ಪನಿಂದ ಕಥೆ ಕೇಳಿಸಿಕೊಂಡಿದ್ದ. "ಯಜಮಾನ್ರೇ, ಬಟ್ಟು ಹಾಕೋ ಐಡಿಯಾ ನಿಮ್ದಂತೆ? ಭಾರೀ ತಲೆ ಬುಡಿ!"

"ಮತ್ತೆ? ಒಂದ್ ವಾರ ಕೂತು ಯೋಚ್ನೆ ಮಾಡ್ದೆ," ಎಂದರು ಶಂಕರಲಿಂಗಪ್ಪ. "ಬಟ್ಟು ಅಲುಗಾಡ್ಬಾರ್ದಲ್ಲ, ಅದ್ಕೆ ಬಟ್ಟೆ ಸುತ್ತಿದೆ. ಮಕ್ಕಳಿಗೆ ಯಾವಾಗ್ಲೂ ಹಗುರದ್ದೇ ಕೊಡ್ಬೇಕು ಕಣಯ್ಯ. ನಾನ್ ಮೊದ್ಲಿಂದ್ಲೂ ಅದನ್ನೇ ಹೇಳೋದು."

ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ರುಚಿ ಹತ್ತಿ ಎರಡೆರಡು ಸಲ ಬಡಿಸಿಕೊಳ್ಳುತ್ತಿದ್ದರು. ಚನ್ನಮಲ್ಲಮ್ಮನಿಗೆ ಮೈಯೆಲ್ಲ ಉರಿಯಿತು. ಉಪಾಯ ಅವಳದು, ಕಳ್ಳತನ ಅವಳದು, ವಚನ ಹೇಳಿ ಆರಿಸಿದ್ದು ಅವಳು. ಹೆಸರು ಈ ಮುದುಕನಿಗೆ! ಎದ್ದು ನಿಂತು ಇಡೀ ಬಸ್ಸಿಗೆ ನಿಜ ಸಾರಿಬಿಡಲೇ ಎನಿಸಿತು. ಶಿವರಂಜನಿ ಅವಳ ತೊಡೆ ಚಿವುಟಿ, ಬಾಯಿಗೆ ಬೆರಳಿಟ್ಟು ಸನ್ನೆ ಮಾಡಿದಳು.

ಚನ್ನಮಲ್ಲಮ್ಮ ಸೀಟಿಗೆ ಒರಗಿದಳು. ಬಾಯಿ ಬಿಟ್ಟರೆ ಕಳ್ಳಿ ಎನಿಸಿಕೊಳ್ಳುವವಳು ತಾನೇ ಅಲ್ಲವೆ?

"ಹೌದು ಕಣಪ್ಪ," ಎಂದಳು ಕಂಡಕ್ಟರಿಗೆ, ಬಾಯಿಗೆ ಸೆರಗು ಅಡ್ಡ ಹಿಡಿದು. "ಇವ್ರ ತಲೆ ಭಾರೀ ತೂಕ."