ಗುರುಲಿಂಗವ್ವ ಬಿಟ್ಟ ಹವ್ಯಾಸ

ಬಾದಾಮಿಯಲ್ಲಿ ತಂಗಿಯ ಬಸುರಿ ಮಗಳ ಕುಬಸ ಮುಗಿಸಿಕೊಂಡು ಇಳಕಲ್ಲಿಗೆ ಮರಳಿದ ಗುರುಲಿಂಗವ್ವ, ಆಟೋದಿಂದ ಇಳಿದು ಒಂದು ಗಳಿಗೆ ಬೇರೆಯವರ ಮನೆಗೆ ಬಂದೆನೇನೋ ಎಂದುಕೊಂಡಳು. ಬಾಗಿಲು ತನ್ನದೇ. ಬಾಗಿಲ ಮೇಲಿನ ಬಸವಣ್ಣನವರ ಚಿತ್ರವೂ ತನ್ನದೇ. ಕಟ್ಟೆ ಮಾತ್ರ ತನ್ನದಲ್ಲ. ಅಲ್ಲಿ ಕೆಂಪು ಗ್ರಾನೈಟು ಕೂತಿತ್ತು, ಆಟೋದವನು ಬಾಗಿ ತಲೆ ಬಾಚಿಕೊಳ್ಳುವಷ್ಟು ನುಣ್ಣಗೆ. ಅದರ ನಡುವೆ ಚಿನ್ನದ ಬಣ್ಣದಲ್ಲಿ ಕೊರೆದಿತ್ತು: ‘ಹವ್ಯಾಸ ಕಟ್ಟೆ. ಶಂಕರಲಿಂಗಪ್ಪ, ನಿವೃತ್ತ ಶಿರಸ್ತೇದಾರರು.’

“ಕಲ್ಲೆಲ್ಲಿ ಐತ್ರಿ?” ಎಂದಳು, ಕೈಯ ಚೀಲ ಇಳಿಸುವ ಮೊದಲೇ.

“ಚಂದ ಕಾಣತೈತಿಲ್ಲ?” ಎಂದರು ಗಂಡ. ಕೇಳಿದ್ದನ್ನು ಬಿಟ್ಟು ಕೇಳದ್ದಕ್ಕೆ ಉತ್ತರ ಕೊಡುವುದನ್ನು ಅವರು ಹುನಗುಂದದ ಕಚೇರಿಯಲ್ಲಿ ಒಂದು ಆಯುಷ್ಯವಿಡೀ ರೂಢಿ ಮಾಡಿದ್ದರು.

“ನಾ ಕೇಳಿದ್ದು ಹಳೇ ಕಲ್ಲು.”

“ಅದಾ? ಗೌಂಡಿ ಮಲಕಪ್ಪಗ ಹೇಳೇನಿ. ಏನರೆ ವ್ಯವಸ್ಥಾ ಮಾಡ್ತಾನ.”

ಹಳೆಯ ಕಲ್ಲಿನ ಮೇಲೆ ಚೌಕಾಬಾರದ ಮನೆಗಳನ್ನು ಕೊರೆದಿತ್ತು, ಅಡ್ಡ ಐದು, ಉದ್ದ ಐದು. ಕೊರೆಸಿದವಳು ಅತ್ತೆ ಶಾರವ್ವ. ಗೋಡೆ ಆಮೇಲೆ ಏಳಲಿ, ಮೊದಲು ಇದಾಗಲಿ ಎಂದು ಕಲ್ಲುಕುಟಿಗನ ಬೆನ್ನ ಹಿಂದೆ ನಿಂತು ಕೊರೆಸಿದ್ದಳಂತೆ. ಗುರುಲಿಂಗವ್ವ ಸೊಸೆಯಾಗಿ ಬಂದಾಗ ಅತ್ತೆ ಹೇಳಿಕೊಟ್ಟ ಮೊದಲ ವಿದ್ಯೆಯೂ ಅದೇ: ಹುಣಸೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡುವುದು, ಅಂಥ ನಾಲ್ಕು ಬೀಜ ಅಂಗೈಯಲ್ಲಿ ಕುಲುಕಿ ಒಗೆಯುವುದು. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕ, ನಾಲ್ಕೂ ಕಪ್ಪಗೆ ಬಿದ್ದರೆ ಬಾರ. ಎದುರಿನವರ ಒಂದು ಕಾಯನ್ನಾದರೂ ಕಡಿಯದವರಿಗೆ ಒಳಮನೆಗೆ ದಾರಿಯಿಲ್ಲ. “ಸುಮ್ನ ಸುತ್ತು ಹಾಕ್ಕೊಂತ ಹೋದ್ರ ಹೊರಗ ಮುದುಕಿ ಆಕ್ಕಿ ನೋಡು,” ಎನ್ನುತ್ತಿದ್ದಳು ಶಾರವ್ವ, ಸೊಸೆಯ ಕಾಯನ್ನು ಕಡಿದು ಬದಿಗೆ ತಳ್ಳುತ್ತ.

ಅತ್ತೆ ಹೋದ ಮೇಲೆ ಎದುರು ಕೂತವಳು ಪಕ್ಕದ ಮನೆಯ ನರ್ಗೀಸ. ಸೀರೆಗೆ ಫಾಲ್ ಹಚ್ಚುವುದು, ಜಂಪರ್ ಹೊಲಿಯುವುದು ಅವಳ ಉದ್ಯೋಗ. ಮಧ್ಯಾಹ್ನದ ಮುಸುರೆ ತೊಳೆದಾದ ಮೇಲೆ, ಸಂಜೆಯ ಚಹಾಕ್ಕೆ ಒಲೆ ಹಚ್ಚುವ ಮೊದಲು, ಹೆಸರಿಲ್ಲದ ಒಂದು ಹೊತ್ತು ಇರುತ್ತದೆ. ಹೆಸರಿಲ್ಲದ್ದಕ್ಕೇ ಅದು ಯಾರ ಕಣ್ಣಿಗೂ ಬೀಳದೆ ಇಷ್ಟು ವರ್ಷ ಉಳಿದಿತ್ತು. ಗುರುಲಿಂಗವ್ವನ ಕಾಯಿ ಬಳೆಚೂರು, ನರ್ಗೀಸಳ ಕಾಯಿ ಅಂಗಿಯ ಗುಂಡಿ. ಆ ಆಟದಿಂದ ಏನೂ ಹುಟ್ಟುತ್ತಿರಲಿಲ್ಲ, ಏನೂ ಬೇಯುತ್ತಿರಲಿಲ್ಲ, ಮುಗಿದ ಮೇಲೆ ತೊಳೆಯಲು ಒಂದು ಬಟ್ಟಲೂ ಉಳಿಯುತ್ತಿರಲಿಲ್ಲ. ಮದುವೆಯಾದ ಮೇಲೆ ಗುರುಲಿಂಗವ್ವ ಮಾಡಿದ ಅಂಥ ಕೆಲಸ ಅದೊಂದೇ.

ಶಂಕರಲಿಂಗಪ್ಪನವರ ಹವ್ಯಾಸಗಳು ಬೇರೆ ಜಾತಿಯವು. ನಿವೃತ್ತಿಯ ದಿನ ಹಾಕಿದ ಹಾರ ಬಾಡುವ ಮೊದಲೇ, ಬಿಡುವಿನ ವೇಳೆಗೆ ಹವ್ಯಾಸವಿಲ್ಲದವನು ಬೇಗ ಮಂಚ ಹಿಡಿಯುತ್ತಾನೆ ಎಂದು ನಿವೃತ್ತರ ಸಂಘದಲ್ಲಿ ಯಾರೋ ಭಾಷಣ ಮಾಡಿದರು. ಶಂಕರಲಿಂಗಪ್ಪನವರು ಹೆದರಿದರು. ಹೆದರಿದ್ದು ಅವರು, ದುಡಿದದ್ದು ಇವಳು. ಮೊದಲು ಮಾಳಿಗೆಯ ಮೇಲೆ ಕೈತೋಟ. ಬದನೆ ಸಸಿ ನೆಟ್ಟವರು ಅವರು, ಕೊಡ ಹೊತ್ತು ಮೆಟ್ಟಿಲು ಹತ್ತಿದವಳು ಇವಳು. ಕಾಯಿ ಬಿಟ್ಟಾಗ ಫೋಟೋದಲ್ಲಿದ್ದವರು ಮತ್ತೆ ಅವರೇ. ಆಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಮೀನು. ಮೀನುಗಳಿಗೆ ಹೆಸರಿಟ್ಟವರು ಅವರು, ಪಾಚಿ ತಿಕ್ಕಿದವಳು ಇವಳು, ಸತ್ತವನ್ನು ಹಿತ್ತಲಲ್ಲಿ ಹುಗಿದವಳೂ ಇವಳೇ. ಲಿಂಗಪೂಜೆಯ ಮನೆಗೆ ಮೀನು ಬಂತೆಂದು ಓಣಿ ನಕ್ಕಾಗ, “ಸಾಕಾಕ ತಂದೇವ್ರಿ, ಸಾರಿಗಲ್ಲ,” ಎಂದು ಬಾಗಿಲಲ್ಲಿ ನಿಂತು ಜವಾಬು ಕೊಟ್ಟವಳೂ ಇವಳೇ. ಆಮೇಲೆ ಹಾರ್ಮೋನಿಯಂ. ಅದರ ಮೇಲೆ ಈಗ ಇಸ್ತ್ರಿಯ ಬಟ್ಟೆಗಳು ಕೂತಿವೆ. ‘ಬ್ಯಾಸರಾತು’ ಎಂಬ ಒಂದೊಂದು ಮಾತಿಗೆ ಒಂದೊಂದು ಹವ್ಯಾಸ ತೀರಿಹೋಗುತ್ತಿತ್ತು.

ಈಗಿನದು ಸಾರ್ವಜನಿಕ ಹವ್ಯಾಸ. ಕಟ್ಟೆಯ ಮೇಲೆ ಗಾಜಿನ ಕಪಾಟು, ಅದರಲ್ಲಿ ಪುಸ್ತಕ, ಓಣಿಯ ಹಿರಿಯರು ಕೂತು ಓದುವುದು. ಉದ್ಘಾಟನೆ ಮರುದಿನ ಸಂಜೆ.

“ಇಪ್ಪತ್ತು ಮಂದಿ ಬರ್ತಾರ. ಸುಸಲಾ, ಮಿರ್ಚಿ ಭಜಿ, ಚಾ. ಭಾಳೇನಿಲ್ಲ,” ಎಂದರು.

ಬೆಳಿಗ್ಗೆ ಮಲಕಪ್ಪ ಹೊಸ ಕಲ್ಲಿಗೆ ಕೊನೆಯ ಪಾಲಿಶ್ ಹಚ್ಚಲು ಬಂದ. ಗುರುಲಿಂಗವ್ವ ಹೊರಗೆ ಬಂದು ಅವನ ಎದುರು ನಿಂತಳು.

“ಮಲಕಪ್ಪಾ, ನನ್ನ ಕಲ್ಲು ಎಲ್ಲಿ ವಗದಿ?”

“ವಗೀಲಿಲ್ರಿ ಅಕ್ಕಾರ! ಅಂಥಾ ಗಟ್ಟಿ ಕಲ್ಲ ಯಾರರೆ ವಗೀತಾರೇನ್ರಿ? ಇಲ್ಲೇ ಐತಿ.”

“ಇಲ್ಲೇ ಅಂದ್ರ?”

“ನೀವು ನಿಂತೀರಲ್ರಿ, ಅದ.”

ಅವಳು ಕೆಳಗೆ ನೋಡಿದಳು. ಮನೆಗೂ ರಸ್ತೆಗೂ ನಡುವಿನ ಗಟಾರದ ಮೇಲೆ ಒಂದು ಚಪ್ಪಡಿ. ಗೆರೆಗಳಿಲ್ಲ, ಬರೀ ಒರಟು ಬೆನ್ನು.

“ಬಕ್ಕಬಾರ್ಲೆ, ಮಾರಿ ಕೆಳಗ ಮಾಡಿ ಹಾಕೇನ್ರಿ,” ಎಂದ ಮಲಕಪ್ಪ ಹುರುಪಿನಿಂದ. “ಗೀರಿದ್ದ ಮಗ್ಗಲ ಮ್ಯಾಲಿದ್ರ ರಾಡಿ ಕುಂದರತೈತಿ. ಮಂದಿ ದಾಟಾಕ ಒಂದ್ ಕಲ್ಲ ಬೇಕಂತ ಸಾಹೇಬ್ರ ಹೇಳಿದ್ರು.”

ಗುರುಲಿಂಗವ್ವ ಮೊದಲು ಎಡಗಾಲು ತೆಗೆದಳು, ಆಮೇಲೆ ಬಲಗಾಲು, ಅತ್ತೆಯ ಎದೆಯ ಮೇಲೆ ನಿಂತಿದ್ದವಳ ಹಾಗೆ. ಕೆಳಗೆ ಓಣಿಯ ಬಚ್ಚಲ ನೀರು ಗುಳುಗುಳು ಹರಿಯುತ್ತಿತ್ತು. ಶಾರವ್ವ ಕೊರೆಸಿದ ಮನೆಗಳು ಅದಕ್ಕೆ ಮುಖ ಕೊಟ್ಟು ಮಲಗಿದ್ದವು.

ಒಳಗೆ ಶಂಕರಲಿಂಗಪ್ಪನವರು ಕನ್ನಡಿಯ ಮುಂದೆ ಸ್ವಾಗತ ಭಾಷಣ ಹೇಳಿಕೊಳ್ಳುತ್ತಿದ್ದರು.

“ಆ ಕಲ್ಲ ಎತ್ತಸ್ರಿ.”

“ಎತ್ತಸೋಣಂತ. ಕಾರ್ಯಕ್ರಮ ಆಗ್ಲಿ.”

“ಈಗ ಎತ್ತಸ್ರಿ.”

“ಹುಚ್ಚಿ ಹಂಗ ಮಾಡಬ್ಯಾಡ. ಮಂದಿ ಗಟಾರ ಜಿಗದು ಬರಬೇಕೇನು? ಹುಡುಗೂರಾಡೂ ಆಟಕ್ಕ ಇಷ್ಟು ಸಿಟ್ಟಾ? ಹವ್ಯಾಸ ಅಂದ್ರ ಅದರಿಂದ ಒಂದು ಉಪಯೋಗ ಇರಬೇಕು, ನಾಕ್ ಮಂದಿಗೆ ಕಾಣಬೇಕು. ನಿಮ್ದು ಬರೇ ವ್ಯಾಳ್ಯಾ ಕಳಿಯೂದು.”

“ಕಳದ್ರ ನನ್ನ ವ್ಯಾಳ್ಯಾ ಕಳದೇನಿ. ನಿಮ್ಮ ಹಂಗ ಮಂದೀದು ಕಳದಿಲ್ಲ.”

ಅವರು ಕನ್ನಡಿಗೆ ಮರಳಿದರು. ಕನ್ನಡಿ ತಿರುಗಿ ಮಾತಾಡುವುದಿಲ್ಲ.

ಮಧ್ಯಾಹ್ನ ನರ್ಗೀಸ ಅಡುಗೆಮನೆಯಲ್ಲಿ ಕೂತು ಮೆಣಸಿನಕಾಯಿ ಸೀಳಿಕೊಟ್ಟಳು. ಗುರುಲಿಂಗವ್ವ ಒಂದೊಂದನ್ನೇ ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಎಸೆಯುತ್ತಿದ್ದಳು.

“ಅಕ್ಕಾ, ಸಾವಕಾಶ. ಅಣ್ಣಾರನ್ನ ಎಣ್ಣ್ಯಾಗ ವಗದಂಗ ವಗ್ಯಾಕ್ಹತ್ತಿ.”

“ಅವರು ಹಿಡಸಂಗಿಲ್ಲ. ಬಾಣಲಿ ಸಣ್ಣದೈತಿ.”

ನರ್ಗೀಸ ನಕ್ಕಳು. ಆಮೇಲೆ ನಗು ನಿಲ್ಲಿಸಿ, “ಬಳಪದಲೆ ನಮ್ಮ ಪಡಸಾಲ್ಯಾಗ ಮನಿ ಬರೀಲೇನು? ಅಲ್ಲೇ ಆಡೋಣು,” ಎಂದಳು.

“ಬ್ಯಾಡ. ನಂದು ಕಲ್ಲಾಗ ಕೊರದದ್ದು ಐತಿ. ಬಳಪದ್ದು ನನಗ್ಯಾಕ?”

ಸಂಜೆ ಮಂದಿ ಬಂದರು. ಒಬ್ಬೊಬ್ಬರೂ ಆ ಚಪ್ಪಡಿಯ ಮೇಲೆ ಕಾಲಿಟ್ಟು, ಕೆಲವರು ಅದಕ್ಕೇ ಚಪ್ಪಲಿಯ ರಾಡಿ ತಿಕ್ಕಿ, ಕಟ್ಟೆಗೆ ಬಂದರು. ಕಿಟಕಿಯಲ್ಲಿ ನಿಂತಿದ್ದ ಗುರುಲಿಂಗವ್ವ ಪ್ರತಿಯೊಂದು ಕಾಲನ್ನೂ ನೋಡಿದಳು. ಬಾಗಲಕೋಟೆಯಿಂದ ಬಂದ ಮುಖ್ಯ ಅತಿಥಿ ದುಂಡೇಶ ಸರ್, ಕಾಲೇಜಿನ ಪ್ರಾಚಾರ್ಯರಾಗಿದ್ದವರು, ಹವ್ಯಾಸ ಆರಿಸಿಕೊಳ್ಳುವುದು ಹೇಗೆ ಎಂದು ದೀರ್ಘವಾಗಿ ಹೇಳಿದರು. ಅದು ಮನಸ್ಸಿಗೆ ಸುಖ ಕೊಡಬೇಕು, ಸಮಾಜಕ್ಕೆ ಉಪಯೋಗವಾಗಬೇಕು, ಶರೀರಕ್ಕೆ ಹಗುರಾಗಬೇಕು. ಕಪಾಟಿನ ಪುಸ್ತಕಗಳನ್ನು ಯಾರೂ ಮುಟ್ಟಲಿಲ್ಲ. ಎಲ್ಲರ ಕಣ್ಣು ಭಜಿಯ ವಾಸನೆ ಬರುತ್ತಿದ್ದ ಬಾಗಿಲ ಮೇಲಿತ್ತು.

ಸುಸಲಾ, ಭಜಿ ಹಂಚಿ ಗುರುಲಿಂಗವ್ವ ಚಹಾದ ತಾಟು ಹಿಡಿದು ಬಂದಾಗ ದುಂಡೇಶ ಸರ್ ಸೌಜನ್ಯಕ್ಕೆ ಕೇಳಿದರು: “ತಾಯಿ, ನಿಮ್ಮ ಹವ್ಯಾಸ ಏನ್ರಿ?”

ಅವಳು ಬಾಯಿ ತೆರೆದಳು. ಉತ್ತರ ಗಂಡನ ಬಾಯಿಂದ ಬಂತು.

“ನಮ್ಮ ಮನಿಯಾಕಿಗೆ ಅಡಗೀನ ಹವ್ಯಾಸ ನೋಡ್ರಿ ಸರ್. ಮುಂಜಾನಿಂದ ಸಂಜೀತನ ಅದರಾಗ ಇರ್ತಾಳ. ಭಾಳ ಖುಷಿ ಆಕಿಗೆ.”

ಮಂದಿ ತಲೆದೂಗಿದರು. ಯಾರೋ ಭಜಿಯನ್ನು ಹೊಗಳಿದರು. ಬಾಗಿಲ ಮರೆಯಲ್ಲಿ ನರ್ಗೀಸ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಗುರುಲಿಂಗವ್ವ ತಾಟನ್ನು ಹೊಸ ಕಲ್ಲಿನ ಮೇಲೆ, ಚಿನ್ನದ ಅಕ್ಷರಗಳ ಮೇಲೇ ಕುಕ್ಕಿದಳು. ಚಹಾ ತುಳುಕಿ ನಿವೃತ್ತ ಶಿರಸ್ತೇದಾರರ ಮೇಲೆ ಹರಿಯಿತು.

“ಸರ್, ಒಂದು ಮಾತ ಕೇಳ್ಲಿ?”

“ಕೇಳ್ರಿ ತಾಯಿ.”

“ಹವ್ಯಾಸ ಬ್ಯಾಸರಾದ್ರ ಬಿಡಬಹುದೇನ್ರಿ?”

“ಅಗದಿ ಬಿಡಬಹುದು! ಒತ್ತಾಯ ಬಂತಂದ್ರ ಅದು ಹವ್ಯಾಸ ಅಲ್ಲ, ಡ್ಯೂಟಿ.”

“ಇವರೂ ಹಂಗ ಬಿಟ್ಟಾರ್ರಿ. ಬದನಿಕಾಯಿ ಬಿಟ್ರು, ಮೀನ ಬಿಟ್ರು, ಹಾರ್ಮೋನಿಯಂ ಬಿಟ್ರು. ನಾ ಒಂದ್ ಮಾತಾಡಿಲ್ಲ. ನನಗೂ ಅಡಗಿ ಬ್ಯಾಸರಾಗೇತ್ರಿ. ಇವತ್ತಿಂದ ಬಿಟ್ಟೇನಿ. ಭಜಿ ತಿನ್ರಿ, ಇದ ಕಡೀದು.”

ಮಂದಿ ಗೊಳ್ಳೆಂದು ನಕ್ಕರು. ದುಂಡೇಶ ಸರ್ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಹೆಚ್ಚು ನಕ್ಕವರು ಶಂಕರಲಿಂಗಪ್ಪನವರು. ಆ ನಗು ರಾತ್ರಿ ಊಟದ ಹೊತ್ತಿನವರೆಗೆ ಬಾಳಿತು.

ಒಲೆ ತಣ್ಣಗಿತ್ತು. ಗುರುಲಿಂಗವ್ವ ಡಬ್ಬಿಯಿಂದ ಕಟಕ ರೊಟ್ಟಿ ತೆಗೆದು, ಶೇಂಗಾ ಚಟ್ನಿಪುಡಿಯ ಮೇಲೆ ಮೊಸರು ಸುರಿದುಕೊಂಡು, ಕಟಕಟ ಸಪ್ಪಳ ಮಾಡುತ್ತ ಉಂಡಳು. ಡಬ್ಬಿ ಎಲ್ಲಿರುತ್ತದೆಂದು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ. ಅವರು ಅಂಗಿ ತೊಟ್ಟು ಖಾನಾವಳಿಗೆ ಹೋದರು. ಮರುದಿನವೂ ಹೋದರು. ಅದರ ಮರುದಿನ ಖಾನಾವಳಿಯವನು ರೊಟ್ಟಿ ಬಡಿಸುತ್ತ, ಕೇಳಬಾರದ್ದನ್ನು ಕೇಳುವವರ ಮೆಲುದನಿಯಲ್ಲಿ ಊರಿಗೆಲ್ಲ ಕೇಳುವಂತೆ ಕೇಳಿದ:

“ಸಾಹೇಬ್ರ, ನಿಮ್ಮ ಮನ್ಯಾಗ ಹವ್ಯಾಸ ಬಿಟ್ಟಾರಂತಲ್ರಿ?”

ಪಕ್ಕದ ಮೇಜಿನವನ ಬಾಯಲ್ಲಿದ್ದ ಸಾರು ಮೂಗಿಗೇರಿತು. ಶಂಕರಲಿಂಗಪ್ಪನವರು ಅರ್ಧ ಊಟಕ್ಕೇ ಎದ್ದರು.

ಮನೆಗೆ ಬಂದಾಗ ಅವರಿಗೂ ಸಿಟ್ಟು ಬಂದಿತ್ತು. “ಊರಾಗ ನನ್ನ ಮಾನಾ ಕಳದಿ! ಒಂದ್ ಕಲ್ಲಿನ ಸಂಬಂಧ!”

“ನಿಮ್ಮ ಮಾನಾ ಕಟ್ಟಿ ಮ್ಯಾಲ ಮಿಂಚಾಕ್ಹತ್ತೇತಿ. ನಂದು ಗಟಾರದಾಗ ಬಿದ್ದೈತಿ.”

“ಎತ್ತಸ್ತೇನಿ ಮಾರಾಯಳ! ಎತ್ತಿಸಿ ಹಿತ್ತಲದಾಗ ಹಾಕಸ್ತೇನಿ. ಮತ್ತ ಅಡಗಿ ಚಾಲೂ ಮಾಡು.”

“ಎಲ್ಲಿತ್ತೋ ಅಲ್ಲಿ ಹಾಕಸ್ರಿ. ಇನ್ನೊಂದು. ಅಡಗಿ ಕೆಲಸ ಅಂದ್ರ ಮಾಡ್ತೇನಿ. ಹವ್ಯಾಸ ಅಂದ್ರ ಮಾಡಂಗಿಲ್ಲ.”

“ಕೆಲಸ,” ಎಂದರು, ನೆಲ ನೋಡುತ್ತ.

“ಕೇಳಲಿಲ್ಲ.”

“ಕೆಲಸ! ಕೆಲಸ ಅಂದ್ನಲ್ಲ! ಕೆಲಸಾ!”

ಪಕ್ಕದ ಮನೆಯಲ್ಲಿ ನರ್ಗೀಸಳ ಹೊಲಿಗೆ ಮಷೀನು ಒಮ್ಮೆಲೇ ನಿಂತಿತು.

ಮರುದಿನ ಮಧ್ಯಾಹ್ನ ಮಲಕಪ್ಪ ಇಬ್ಬರು ಆಳುಗಳನ್ನು ಕರೆದುಕೊಂಡು ಬಂದ. ಹಾರೆ ಹಾಕಿ ಮೀಟಿದಾಗ ಹಳೆಯ ಕಲ್ಲು ಕಪ್ಪು ರಾಡಿ ಸುರಿಸುತ್ತ ಎದ್ದಿತು. ಗುರುಲಿಂಗವ್ವ ಅದನ್ನು ತೆಂಗಿನ ನಾರಿನಿಂದ ತಾನೇ ತಿಕ್ಕಿದಳು. ಮಲಕಪ್ಪ ಕೈಹಾಕಲು ಬಂದರೆ ಬಿಡಲಿಲ್ಲ. ಒಂದೊಂದು ಗೆರೆಯಿಂದ ರಾಡಿ ತೆಗೆದಂತೆ ಮನೆಗಳು ಒಂದೊಂದಾಗಿ ಮೇಲೆ ಬಂದವು. ಒಂದು ಮೂಲೆ ಸಿಡಿದಿತ್ತು, ಅಲ್ಲಿಯ ಮನೆಗೆ ಗೋಡೆಯಿರಲಿಲ್ಲ. ಅವಳು ಆ ಮೂಲೆಯ ಮೇಲೆ ಬೆರಳಾಡಿಸಿ ಗಂಡನ ಕಡೆ ನೋಡಿದಳು. ಬೈದಿದ್ದರೆ ಅವರಿಗೆ ಹಗುರಾಗುತ್ತಿತ್ತು.

ಹಳೆಯ ಕಲ್ಲು ಕಟ್ಟೆಯ ಮೇಲೆ ಕೂತಿತು. ನರ್ಗೀಸ ಗುಂಡಿಗಳನ್ನು ತಂದಳು, ಗುರುಲಿಂಗವ್ವ ಸೆರಗಿನ ಗಂಟಿನಿಂದ ಬಳೆಚೂರು ಬಿಚ್ಚಿದಳು. ಕೆಂಪು ಗ್ರಾನೈಟು ರಸ್ತೆಯ ಬದಿ ಗೋಡೆಗೆ ಆತು ನಿಂತು, ಬಿಸಿಲಿಗೆ ಇನ್ನೂ ಹೊಳೆಯುತ್ತಿತ್ತು.

“ಸಾಹೇಬ್ರ, ಈ ಹೊಸಾದು ಏನ ಮಾಡೂದ್ರಿ?” ಎಂದ ಮಲಕಪ್ಪ. “ಗಟಾರ ತೆರದೈತಿ. ಯಾರರೆ ಬೀಳ್ತಾರ.”

ಶಂಕರಲಿಂಗಪ್ಪನವರು ಕಲ್ಲಿನ ಮೇಲಿನ ತಮ್ಮ ಹೆಸರನ್ನು ನೋಡಿದರು. ಗಟಾರವನ್ನು ನೋಡಿದರು. ಆಮೇಲೆ, ಸಾಹೇಬರ ಅಪ್ಪಣೆಗೆ ಕಾದ ಗುಮಾಸ್ತನಂತೆ, ಹೆಂಡತಿಯನ್ನು ನೋಡಿದರು.

ಗುರುಲಿಂಗವ್ವ ಹುಣಸೆ ಬೀಜ ಕುಲುಕುತ್ತಿದ್ದಳು. ತಲೆ ಎತ್ತಲಿಲ್ಲ.

“ಬಕ್ಕಬಾರ್ಲೆ ಹಾಕೋ ಮಲಕಪ್ಪಾ,” ಎಂದಳು. “ನುಣುಪ ಮ್ಯಾಲಿದ್ರ ಮಂದೀ ಕಾಲ ಜಾರ್ತಾವ.”